ಮನಸ್ಸು ಬಂದರೆ ಸ್ಟಾರ್ಟ್ ಆಗುವ ಹಳೆ ಕಾರು

ಬೆಳಿಗ್ಗೆ ಒಂದೇ ಸೆಲ್ಫಿಗೆ ಹತ್ತಿದ ಕಾರು ಮಧ್ಯಾಹ್ನ ಪೆಟ್ರೋಲ್ ಬಂಕಿನಲ್ಲಿ ಹಟ ಹಿಡಿಯುತ್ತದೆ. ಮೆಕ್ಯಾನಿಕ್ ಬರುವಷ್ಟರಲ್ಲಿ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗಿ ನಮ್ಮನ್ನೇ ಪೆದ್ದರನ್ನಾಗಿಸುತ್ತದೆ. ಹಳೆಯ ಮಾರುತಿ 800, ಝೆನ್, ಸ್ಯಾಂಟ್ರೊ ಇಟ್ಟುಕೊಂಡವರಿಗೆ ಇದು ಹೊಸದಲ್ಲ. ಪೂರ್ತಿ ಕೆಟ್ಟು ನಿಂತ ಕಾರಿನ ರಿಪೇರಿ ಸುಲಭ. ಆಗಾಗ ಕೆಡುವ ಕಾರಿನದೇ ಫಜೀತಿ. ಕಾರಣ ಕಣ್ಣಿಗೆ ಬೀಳದ ಕಡೆ ಊಹೆ, ವದಂತಿ ಎರಡೂ ಸೊಂಪಾಗಿ ಬೆಳೆಯುತ್ತವೆ. ನಾವೂ ಇವುಗಳಲ್ಲಿ ಹಲವನ್ನು ನಂಬಿಕೊಂಡು ಗ್ಯಾರೇಜಿಂದ ಗ್ಯಾರೇಜಿಗೆ ಅಲೆದವರೇ.

ಸ್ಟಾರ್ಟ್ ಆಗಲಿಲ್ಲವೆಂದರೆ ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿದರೆ ಆಯಿತು ಎಂಬುದು ಎಲ್ಲಕ್ಕಿಂತ ಜನಪ್ರಿಯ ತೀರ್ಮಾನ.

ವಾಸ್ತವ: ಮೊದಲು ಕಿವಿಗೊಡಬೇಕು. ಸ್ಟಾರ್ಟ್ ಆಗದಿರುವುದರಲ್ಲಿ ಎರಡು ಬಗೆಯಿದೆ. ಕೀ ತಿರುಗಿಸಿದರೆ ಬರೀ ಟಕ್ ಎನ್ನುತ್ತದೆ, ಇಲ್ಲವೇ ಅದೂ ಇಲ್ಲ, ಎಂಜಿನ್ ತಿರುಗುವುದೇ ಇಲ್ಲ. ಹೀಗಾದರೆ ತೊಂದರೆ ಬ್ಯಾಟರಿ, ಕೇಬಲ್, ಸೆಲ್ಫ್ ಮೋಟರ್ ಅಥವಾ ಕೀ ಸ್ವಿಚ್ಚಿನ ಕಡೆ. ಎರಡನೆಯದರಲ್ಲಿ ಎಂಜಿನ್ ಗರಗರ ತಿರುಗುತ್ತದೆ, ಆದರೆ ಹತ್ತಿಕೊಳ್ಳುವುದಿಲ್ಲ. ಹೀಗಾದರೆ ಪೆಟ್ರೋಲ್ ಬರುತ್ತಿಲ್ಲ ಅಥವಾ ಪ್ಲಗ್ಗಿನಲ್ಲಿ ಕಿಡಿಯಿಲ್ಲ. ಎಂಜಿನ್ ಜೋರಾಗಿ ತಿರುಗುತ್ತಿರುವಾಗ ಬ್ಯಾಟರಿ ಬದಲಿಸುವುದು ದಂಡ.

ಅನುಮಾನವಿದ್ದರೆ ಮಲ್ಟಿಮೀಟರ್ ಇಟ್ಟು ನೋಡಿ. ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ವೋಲ್ಟ್ ತೋರಿಸಿದರೆ ಬ್ಯಾಟರಿ ತುಂಬಿದೆ, 12.2 ಅಂದರೆ ಹೆಚ್ಚುಕಡಿಮೆ ಅರ್ಧ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿ ಸೋತಿರಬಹುದು. ಎಂಜಿನ್ ಓಡುವಾಗ 14ರ ಆಸುಪಾಸು ಇಲ್ಲದಿದ್ದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ. ಆಗ ಹೊಸ ಬ್ಯಾಟರಿಯೂ ಕೆಲವೇ ದಿನದಲ್ಲಿ ಮಲಗುತ್ತದೆ.

ಹಾರ್ನ್ ಜೋರಾಗಿದೆ, ಹೆಡ್‌ಲೈಟ್ ಉರಿಯುತ್ತಿದೆ, ಆದ್ದರಿಂದ ಕರೆಂಟಿನ ತೊಂದರೆಯಿಲ್ಲ ಎಂದು ಹೇಳುವವರಿದ್ದಾರೆ.

ವಾಸ್ತವ: ಎರಡು ಹೆಡ್‌ಲೈಟಿಗೆ ಸುಮಾರು 10 ಆಂಪಿಯರ್ ಸಾಕು. ಸೆಲ್ಫ್ ಮೋಟರ್ ಕೇಳುವುದು ಅದರ ಹತ್ತು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು. ಪಾಚಿ ಕಟ್ಟಿದ ನಲ್ಲಿಯಲ್ಲಿ ಒಂದು ಚೊಂಬು ನೀರು ಹೇಗೋ ಬರುತ್ತದೆ, ಕೊಡ ತುಂಬುವುದಿಲ್ಲ. ಹಾಗೆಯೇ ಸಡಿಲಾದ, ತುಕ್ಕು ಹಿಡಿದ ಜೋಡಣೆಯಲ್ಲಿ ದೀಪ ಉರಿಯುತ್ತದೆ, ಎಂಜಿನ್ ತಿರುಗುವುದಿಲ್ಲ.

ಹಳೆ ಕಾರುಗಳಲ್ಲಿ ಹೆಚ್ಚು ಮೋಸ ಮಾಡುವುದು ಎಂಜಿನ್ನಿಗೂ ಬಾಡಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವಿನ ಅರ್ತ್ ವೈರು. ಮೇಲಿನಿಂದ ನೋಡಿದರೆ ಸರಿಯಾಗಿಯೇ ಕಾಣುತ್ತದೆ. ಬೋಲ್ಟ್ ಬಿಚ್ಚಿ ತಿರುಗಿಸಿದರೆ ವಾಷರಿನ ಅಡಿ ಕಂದು ತುಕ್ಕು, ತಂತಿಯ ಎಳೆಗಳ ನಡುವೆ ಹಸಿರು ಪುಡಿ. ಪರೀಕ್ಷೆ ಸುಲಭ. ಕಾರನ್ನು ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಎಳೆಯಿರಿ. ಮಲ್ಟಿಮೀಟರಿನ ಒಂದು ಮೊನೆ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಮೇಲೆ ಇರಲಿ. ಕ್ಲಾಂಪಿನ ಮೇಲಲ್ಲ, ಟರ್ಮಿನಲ್ಲಿನ ಸೀಸದ ಮೇಲೆಯೇ. ಇನ್ನೊಂದು ಮೊನೆ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. 0.2 ವೋಲ್ಟಿನೊಳಗಿದ್ದರೆ ಸರಿ. ಅರ್ಧ ವೋಲ್ಟ್ ದಾಟಿದರೆ ಕಳ್ಳ ಸಿಕ್ಕ. ಉಪ್ಪುಕಾಗದದಿಂದ ಉಜ್ಜಿ ಬಿಗಿ ಮಾಡಿದರೆ ಎಷ್ಟೋ ಸಲ ಕೆಲಸ ಮುಗಿಯುತ್ತದೆ.

ಬಿಸಿಯಾದಾಗ ಮಾತ್ರ ಹತ್ತದ ಕಾರಿನ ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತಬೇಕು ಎಂದು ಹಿರಿಯರು ಹೇಳುತ್ತಾರೆ.

ವಾಸ್ತವ: ಅವರ ಕಾಲಕ್ಕೆ ಅದು ಸರಿಯೇ. ಅಂಬಾಸಿಡರ್, ಪದ್ಮಿನಿ, ಕಾರ್ಬ್ಯುರೇಟರ್ ಇದ್ದ ಮಾರುತಿ 800 ಇವುಗಳಲ್ಲಿ ಪಂಪು ಎಂಜಿನ್ ಪಕ್ಕದಲ್ಲೇ ಇರುತ್ತಿತ್ತು. ಬಿಸಿಗೆ ಪೆಟ್ರೋಲ್ ಆವಿಯಾಗಿ ಪಂಪು ಎಳೆಯುತ್ತಿರಲಿಲ್ಲ. ಆದರೆ ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್ ಇರುವ ಎಂಪಿಎಫ್‌ಐ ಕಾರುಗಳಲ್ಲಿ ಪಂಪು ಹಿಂದೆ, ಟ್ಯಾಂಕಿನೊಳಗೆ ಮುಳುಗಿರುತ್ತದೆ. ಪೆಟ್ರೋಲ್ ಒತ್ತಡದಲ್ಲಿ ಹರಿಯುತ್ತದೆ. ಅಲ್ಲಿ ಬಟ್ಟೆ ಸುತ್ತಲು ಜಾಗವೂ ಇಲ್ಲ, ಕಾರಣವೂ ಇಲ್ಲ. ಆದರೂ ಅರ್ಧ ಗಂಟೆ ಬಿಟ್ಟರೆ ಹತ್ತುತ್ತದಲ್ಲ? ಹತ್ತುತ್ತದೆ, ಬೇರೆ ಕಾರಣಕ್ಕೆ. ಕ್ರ್ಯಾಂಕ್ ಸೆನ್ಸರ್ ಮತ್ತು ಇಗ್ನಿಷನ್ ಕಾಯಿಲ್ ಹಳತಾದಾಗ ಬಿಸಿಗೆ ಕೈಕೊಟ್ಟು, ತಣಿದ ಮೇಲೆ ಮತ್ತೆ ಕೆಲಸ ಮಾಡುವುದುಂಟು. ಕ್ರ್ಯಾಂಕ್ ಸೆನ್ಸರಿನ ಸುದ್ದಿ ಬಾರದಿದ್ದರೆ ಎಂಜಿನ್ ತಿರುಗುತ್ತಿದೆಯೆಂದೇ ಕಾರಿನ ಕಂಪ್ಯೂಟರಾದ ಇಸಿಯುಗೆ ಗೊತ್ತಾಗದು. ಅದು ಪೆಟ್ರೋಲೂ ಬಿಡದು, ಕಿಡಿಯನ್ನೂ ಕೊಡದು.

ಮೂರನೆಯ ಆರೋಪಿ ಪೆಟ್ರೋಲ್ ಪಂಪಿನ ರಿಲೇ, ಅಂದರೆ ಪಂಪಿಗೆ ಕರೆಂಟ್ ಬಿಡುವ ಸ್ವಿಚ್ಚು. ಬಹುತೇಕ ಎಂಪಿಎಫ್‌ಐ ಕಾರುಗಳಲ್ಲಿ ಕೀ ಆನ್ ಮಾಡಿದ ಕೂಡಲೇ ಹಿಂದಿನ ಸೀಟಿನ ಕೆಳಗಿನಿಂದ ಒಂದೆರಡು ಸೆಕೆಂಡ್ ಗುಂಯ್ ಎಂಬ ಸದ್ದು ಕೇಳಬೇಕು. ಹಟ ಹಿಡಿದಾಗ ಆ ಸದ್ದಿಲ್ಲ, ಹತ್ತುವಾಗ ಇದೆ ಎಂದಾದರೆ ಪಂಪು ಬದಲಿಸುವ ಮೊದಲು ರಿಲೇ ನೋಡಿ. ಮುಚ್ಚಳ ತೆಗೆದು ಭೂತಗನ್ನಡಿ ಹಿಡಿದರೆ, ಬೆಸುಗೆಯ ಕಾಲಿನ ಸುತ್ತ ಕೂದಲೆಳೆಯಂಥ ಬಿರುಕಿನ ಉಂಗುರ ಕಾಣಬಹುದು. ಬಿಸಿಯಾದಾಗ ಬಾಯ್ಬಿಡುವುದು, ತಣಿದಾಗ ಕೂಡಿಕೊಳ್ಳುವುದು ಅದೇ. ಅದೇ ನಂಬರಿನ ಇನ್ನೊಂದು ರಿಲೇ ಫ್ಯೂಸ್ ಪೆಟ್ಟಿಗೆಯಲ್ಲಿದ್ದರೆ ಅದಲುಬದಲು ಮಾಡಿ ನೋಡಬಹುದು.

ಆಯುಧಪೂಜೆ ಸರಿಯಾಗಿ ಆಗಲಿಲ್ಲ, ಯಾರದೋ ಕಣ್ಣು ಬಿತ್ತು, ಅದಕ್ಕೇ ಮಾರನೆಯ ದಿನ ಕಾರು ನಿಂತಿತು ಎಂಬ ಮಾತು ಎಷ್ಟೋ ಮನೆಗಳಲ್ಲಿದೆ.

ವಾಸ್ತವ: ಮಾರನೆಯ ದಿನ ನಿಲ್ಲುವುದು ಸುಳ್ಳಲ್ಲ. ಆದರೆ ಹಿಂದಿನ ದಿನ ನಾವು ಮಾಡಿದ್ದೇನು? ವರ್ಷಕ್ಕೊಮ್ಮೆ ಬಾನೆಟ್ ಎತ್ತಿ, ಪೈಪ್ ಹಿಡಿದು ಎಂಜಿನ್ನಿಗೆಲ್ಲ ನೀರು ಹೊಡೆದೆವು. ಸೀಳು ಬಿಟ್ಟ ಪ್ಲಗ್ ವೈರಿನೊಳಗೆ, ಡಿಸ್ಟ್ರಿಬ್ಯೂಟರ್ ಇದ್ದರೆ ಅದರ ಕ್ಯಾಪಿನೊಳಗೆ, ತೇವ ಸೇರಿತು. ಕಿಡಿ ಪ್ಲಗ್ಗಿಗೆ ಹೋಗುವ ಬದಲು ಒದ್ದೆ ಹಾದಿ ಹಿಡಿಯಿತು. ಬಿಸಿಲಿಗೆ ಒಣಗಿದ ಮೇಲೆ ಹತ್ತಿತು. ಕೀರ್ತಿ ನಿವಾಳಿಸಿದ ನಿಂಬೆಹಣ್ಣಿಗೆ ಹೋಯಿತು. ಮಲೆನಾಡಿನ ಮಳೆಗಾಲದ ಬೆಳಗುಗಳಲ್ಲಿ ಹೀಗಾಗುವುದೂ ಇದೇ ಕಾರಣಕ್ಕೆ. ಪೂಜೆ ಮಾಡಿ, ಕುಂಬಳಕಾಯಿ ಒಡೆಯಿರಿ, ಯಾರೂ ಬೇಡವೆನ್ನುವುದಿಲ್ಲ. ಎಂಜಿನ್ನನ್ನು ಮಾತ್ರ ಒದ್ದೆ ಬಟ್ಟೆಯಲ್ಲಿ ಒರೆಸಿ.

ಈಚಿನ ವದಂತಿ, ಎಲ್ಲಕ್ಕೂ ಎಥೆನಾಲ್ ಬೆರೆಸಿದ ಪೆಟ್ರೋಲೇ ಕಾರಣ ಎಂಬುದು.

ವಾಸ್ತವ: ಇದರಲ್ಲಿ ಅರ್ಧ ನಿಜವಿದೆ. ಶೇ 20ರಷ್ಟು ಎಥೆನಾಲ್ ಇರುವ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದು 2023ರ ಫೆಬ್ರವರಿಯಲ್ಲಿ, ಬೆಂಗಳೂರಿನಲ್ಲೇ. ಹಳೆ ಕಾರಿನ ರಬ್ಬರ್ ಪೈಪು, ಸೀಲುಗಳನ್ನು ಅದಕ್ಕೆಂದು ಮಾಡಿದ್ದಲ್ಲ. ಎಥೆನಾಲ್ ತೇವವನ್ನೂ ಹೀರುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿದ ಕಾರಿಗೆ ಅದು ಒಳ್ಳೆಯದಲ್ಲ. ಪೈಪು ಬಿರಿದಿದೆಯೇ, ಫಿಲ್ಟರ್ ಕಟ್ಟಿದೆಯೇ ನೋಡಿಸಿ. ಆದರೆ ಟ್ಯಾಂಕಿನಲ್ಲಿರುವುದು ಬೆಳಿಗ್ಗೆಯೂ ಅದೇ ಪೆಟ್ರೋಲ್, ಮಧ್ಯಾಹ್ನವೂ ಅದೇ. ಬೆಳಿಗ್ಗೆ ಹತ್ತಿ ಮಧ್ಯಾಹ್ನ ಹತ್ತದ, ಸಂಜೆ ಮತ್ತೆ ಹತ್ತುವ ಕಾರಿಗೆ ಪೆಟ್ರೋಲನ್ನೇ ಮೊದಲು ದೂರುವುದು ನ್ಯಾಯವಲ್ಲ.

ತಳ್ಳಿ ಹತ್ತಿಸಿದರೆ ತೊಂದರೆ ಕಳೆಯಿತು ಎಂದುಕೊಳ್ಳುವವರೂ ಇದ್ದಾರೆ.

ವಾಸ್ತವ: ಕಳೆಯುವುದಿಲ್ಲ, ಸುಳಿವು ಸಿಗುತ್ತದೆ. ತಳ್ಳಿದಾಗ ಹತ್ತಿತೆಂದರೆ ಪೆಟ್ರೋಲ್, ಕಿಡಿ ಎರಡೂ ಸರಿಯಿವೆ; ಹುಡುಕಬೇಕಾದ್ದು ಸೆಲ್ಫಿನ ಕಡೆ. ಬ್ಯಾಟರಿ ಪೂರ್ತಿ ಖಾಲಿಯಾದ ಎಂಪಿಎಫ್‌ಐ ಕಾರನ್ನು ಮಾತ್ರ ಎಷ್ಟು ತಳ್ಳಿದರೂ ಬೆವರೇ ಲಾಭ, ಪಂಪಿಗೂ ಇಸಿಯುಗೂ ಕರೆಂಟ್ ಬೇಕಲ್ಲ.

ಸ್ಕ್ಯಾನರ್ ಹಾಕಿದರೆ ಕಂಪ್ಯೂಟರೇ ಹೇಳಿಬಿಡುತ್ತದೆ ಎಂಬ ಭರವಸೆ ಹೊಸ ತಲೆಮಾರಿನದು.

ವಾಸ್ತವ: ತುಕ್ಕು ಹಿಡಿದ ಅರ್ತ್ ವೈರಿಗೆ, ಸವೆದ ಸೆಲ್ಫ್ ಮೋಟರ್ ಬ್ರಷ್ಷಿಗೆ ಸಾಮಾನ್ಯವಾಗಿ ಸ್ಕ್ಯಾನರಿನಲ್ಲಿ ಯಾವ ದೋಷದ ಕೋಡೂ ಬರುವುದಿಲ್ಲ. ಕ್ರ್ಯಾಂಕ್ ಸೆನ್ಸರ್ ಎಂದು ಕೋಡ್ ಬಂದರೂ ತಪ್ಪು ಸೆನ್ಸರಿನದೋ ಅದರ ವೈರಿನದೋ ಎಂದು ಅದು ಹೇಳದು. ಇಲಿ ಕಡಿದ ವೈರಿಗೂ ಅದೇ ಕೋಡ್ ಬರಬಹುದು.

ಇನ್ನು ಮೇಲೆ ಕಾರು ಕೈಕೊಟ್ಟಾಗ ಟಕ್ ಎಂದಿತೋ ಗರಗರ ತಿರುಗಿತೋ, ಪಂಪಿನ ಸದ್ದು ಬಂತೋ ಇಲ್ಲವೋ, ಎಂಜಿನ್ ಬಿಸಿಯಿತ್ತೋ ತಣ್ಣಗಿತ್ತೋ, ಇಷ್ಟನ್ನು ಅಲ್ಲೇ ಮೊಬೈಲಿನಲ್ಲಿ ಬರೆದುಕೊಳ್ಳಿ, ಸಾಧ್ಯವಾದರೆ ಸದ್ದಿನ ವಿಡಿಯೊ ಮಾಡಿ. ಮೆಕ್ಯಾನಿಕ್ ಏನಾದರೂ ಬದಲಿಸಿದರೆ ಹಳೆಯ ಭಾಗವನ್ನು ಕೇಳಿ ಪಡೆದು ಡಿಕ್ಕಿಯಲ್ಲಿಟ್ಟುಕೊಳ್ಳಿ. ವಾರದಲ್ಲಿ ಅದೇ ತೊಂದರೆ ಮರುಕಳಿಸಿದರೆ, ಆ ಭಾಗ ಬಹುಶಃ ಕೆಟ್ಟಿರಲೇ ಇಲ್ಲ.