ಹರಿತವಾಗದ ಚಾಕುವಿನ ಬೆಲೆ

ಕೌಂಟರ್-ಸ್ಟ್ರೈಕ್ ಎಂಬ ಗುಂಡಿನ ಕಾಳಗದ ವಿಡಿಯೊ ಗೇಮ್‌ನಲ್ಲಿ ಪ್ರತಿ ಆಟಗಾರನಿಗೂ ಒಂದು ಚಾಕು ಪುಕ್ಕಟೆ ಸಿಗುತ್ತದೆ. ಅದರ ಜೊತೆಗೆ ಬಣ್ಣ ಬಳಿದ, ಕುಸುರಿ ಮಾಡಿದ ಚಾಕುಗಳೂ ಇವೆ. ಅವುಗಳಲ್ಲಿ ಕೆಲವಕ್ಕೆ ಸಾವಿರಾರು ಡಾಲರ್ ಬೆಲೆ. ಎರಡರ ಪೆಟ್ಟೂ ಒಂದೇ. ದುಬಾರಿ ಚಾಕು ಹಿಡಿದವನು ಹೆಚ್ಚು ವೇಗವಾಗಿ ಓಡುವುದಿಲ್ಲ, ಅವನ ಏಟು ಹೆಚ್ಚು ಆಳಕ್ಕೆ ಇಳಿಯುವುದಿಲ್ಲ. ಆಯುಧದ ಮೇಲಿನ ಈ ಬಣ್ಣದ ಹೊದಿಕೆಗೆ ಆಟಗಾರರ ಮಾತಿನಲ್ಲಿ ‘ಸ್ಕಿನ್’ ಎಂದು ಹೆಸರು. ಅಮೆರಿಕದ ವಾಲ್ವ್ ಕಂಪನಿ ಇದನ್ನು 2013ರ ಆಗಸ್ಟ್‌ನಲ್ಲಿ ಗೇಮ್‌ಗೆ ಸೇರಿಸಿತು. ಆಟಗಾರರು ಸ್ಕಿನ್‌ಗಳನ್ನು ತಮ್ಮತಮ್ಮಲ್ಲೇ ಅದಲುಬದಲು ಮಾಡಬಹುದು, ಕಂಪನಿಯ ‘ಸ್ಟೀಮ್’ ಮಾರುಕಟ್ಟೆಯಲ್ಲಿ ಮಾರಲೂಬಹುದು. ಹನ್ನೆರಡು ವರ್ಷ ದಾಟಿದರೂ ಆ ಸಂತೆ ಇನ್ನೂ ತುಂಬಿದೆ. ಅದೇ ಆಸೆಯಿಂದ ಹುಟ್ಟಿದ ಬೇರೆ ಹಲವು ಗೇಮ್‌ಗಳ ಅಂಗಡಿ ಮಾತ್ರ ಎರಡು-ಮೂರು ವರ್ಷಕ್ಕೇ ಮುಚ್ಚಿತು.

ಗೋಲಿ ಆಡಿ ಬೆಳೆದವರಿಗೆ ಈ ಬೆಲೆಯ ಗುಟ್ಟು ಹೊಸದೇನಲ್ಲ. ಒಳಗೆ ಬಣ್ಣದ ಎಸಳು ತಿರುಚಿಕೊಂಡಿರುವ ಗೋಲಿಯಾಗಲಿ, ಸೋಡಾ ಬಾಟಲಿ ಒಡೆದು ತೆಗೆದ ಹಸಿರು ಗೋಲಿಯಾಗಲಿ, ಗುಳಿಗೆ ಬೀಳುವುದು ಬೆರಳಿನ ಚಳಕದಿಂದಲೇ. ಆದರೂ ಎಸಳಿನ ಗೋಲಿಗೆ ನಾಲ್ಕು ಮಾಮೂಲಿ ಗೋಲಿ ಎಣಿಸಿ ಕೊಡಲು ಹುಡುಗರು ತಯಾರಿರುತ್ತಿದ್ದರು. ಬೀದಿ ತುಂಬ ಗೋಲಿ ಆಡುವವರು ಇದ್ದುದರಿಂದ ಆ ಬೆಲೆ ಬಂದಿತ್ತು. ಬುಗುರಿಯ ಕಾಲ ಶುರುವಾಯಿತೆಂದರೆ ಅದೇ ಗೋಲಿ ತಗಡಿನ ಡಬ್ಬಿಯ ತಳ ಸೇರುತ್ತಿತ್ತು. ಡಿಜಿಟಲ್ ಸಂಗ್ರಹ ವಸ್ತುಗಳ ವಿಷಯದಲ್ಲಿ ಕಂಪನಿಗಳು ಪದೇಪದೇ ಮರೆಯುವುದು ಇದನ್ನೇ. ಮೊದಲು ಬೀದಿಯಲ್ಲಿ ಆಟ ನಡೆಯಬೇಕು, ಗೋಲಿಯ ವ್ಯಾಪಾರ ಆಮೇಲಿನದು.

ಆಟವನ್ನೂ ಸಂತೆಯನ್ನೂ ಬೇಕೆಂದೇ ಒಂದಕ್ಕೊಂದು ಹೊಸೆದ ಯಶಸ್ವಿ ಪ್ರಯೋಗ ನಡೆದದ್ದು ಪರದೆಯ ಮೇಲಲ್ಲ, ಕಾಗದದ ಮೇಲೆ. ಗಣಿತದಲ್ಲಿ ಡಾಕ್ಟರೇಟ್ ಪಡೆದ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ‘ಮ್ಯಾಜಿಕ್: ದ ಗ್ಯಾದರಿಂಗ್’ ಇಸ್ಪೀಟಿನ ಹಾಗೆ ಕೈಯಲ್ಲಿ ಹಿಡಿದು ಆಡುವ ಆಟ. 1993ರಲ್ಲಿ ಮಾರುಕಟ್ಟೆಗೆ ಬಂತು. ಪೊಟ್ಟಣ ಒಡೆದಾಗ ಯಾವ ಎಲೆ ಬರುತ್ತದೋ ಗೊತ್ತಿಲ್ಲ. ಬೇಡದ್ದನ್ನು ಕೊಟ್ಟು ಬೇಕಾದ್ದನ್ನು ಪಡೆಯಬೇಕು. ಎರಡೇ ವರ್ಷದಲ್ಲಿ ಹಳೆಯ ಎಲೆಗಳಿಗೆ ಬೆಲೆ ಏರಿತು. 1995ರಲ್ಲಿ ಕಂಪನಿ ಅವುಗಳಲ್ಲಿ ಹಲವನ್ನು ಮರುಮುದ್ರಿಸಿದಾಗ ಸಂಗ್ರಾಹಕರು ಕೆರಳಿದರು. ಕೆಲವು ಎಲೆಗಳನ್ನು ಇನ್ನೆಂದೂ ಅಚ್ಚು ಹಾಕುವುದಿಲ್ಲ ಎಂದು 1996ರಲ್ಲಿ ಕಂಪನಿ ಪಟ್ಟಿ ಮಾಡಿ ಮಾತು ಕೊಡಬೇಕಾಯಿತು. (ಈ ಎಲೆಗಳ ಆನ್‌ಲೈನ್ ವಿನಿಮಯಕ್ಕೆಂದು ಒಬ್ಬರು ಕೊಂಡಿಟ್ಟಿದ್ದ ಜಾಲತಾಣದ ಹೆಸರು ‘ಮೌಂಟ್ ಗಾಕ್ಸ್’. 2010ರಲ್ಲಿ ಅದು ಬಿಟ್‌ಕಾಯಿನ್ ವಿನಿಮಯ ಕೇಂದ್ರವಾಗಿ, 2014ರಲ್ಲಿ ದಿವಾಳಿಯೆದ್ದು ಜಗತ್ತಿಗೆಲ್ಲ ಪರಿಚಿತವಾಯಿತು.)

ಪರದೆಯೊಳಗಿನ ಸಂತೆಯನ್ನು ಅರ್ಥಶಾಸ್ತ್ರದ ಕಣ್ಣಿನಿಂದ ನೋಡಿದವರಲ್ಲಿ ಎಡ್ವರ್ಡ್ ಕ್ಯಾಸ್ಟ್ರೊನೊವಾ ಮೊದಲಿಗರು. ‘ಎವರ್‌ಕ್ವೆಸ್ಟ್’ ಗೇಮ್‌ನೊಳಗಿನ ನಾಣ್ಯ, ಕತ್ತಿ, ಕವಚಗಳು ಹರಾಜು ತಾಣಗಳಲ್ಲಿ ಯಾವ ಬೆಲೆಗೆ ಬಿಕರಿಯಾಗುತ್ತಿವೆ ಎಂದು ಅವರು ಲೆಕ್ಕ ಹಾಕಿದರು. ಆ ಕಾಲ್ಪನಿಕ ನಾಡಿನ ತಲಾ ಉತ್ಪನ್ನ ವರ್ಷಕ್ಕೆ 2,266 ಡಾಲರ್, ಅಂದರೆ ರಷ್ಯಾ ಮತ್ತು ಬಲ್ಗೇರಿಯಾಗಳ ನಡುವೆ ನಿಲ್ಲುವಷ್ಟು, ಎಂದು 2001ರ ಅವರ ಪ್ರಬಂಧ ತೋರಿಸಿತು. ಆ ಗೇಮ್‌ನ ಕಂಪನಿಗೆ ಇಂಥ ಮಾರಾಟ ಇಷ್ಟವಿರಲಿಲ್ಲ, ನಿಷೇಧವನ್ನೂ ಹೇರಿತ್ತು. ಕದ್ದುಮುಚ್ಚಿ ನಡೆಯುವ ಸಂತೆಯನ್ನು ಅಂಗಳಕ್ಕೇ ಕರೆದು ಸುಂಕ ವಸೂಲು ಮಾಡುವ ಜಾಣತನ ತೋರಿದ್ದು ವಾಲ್ವ್. 2010ರಲ್ಲಿ ಅದರ ‘ಟೀಮ್ ಫೋರ್ಟ್ರೆಸ್ 2’ ಗೇಮ್‌ನಲ್ಲಿ ಟೋಪಿಗಳ ವ್ಯಾಪಾರ ಶುರುವಾಯಿತು. ಆ ವರ್ಷ ಜೂನ್‌ನಲ್ಲಿ ಮ್ಯಾಕ್ ಕಂಪ್ಯೂಟರಿನಲ್ಲಿ ಆಡಿದವರಿಗೆ ಕಂಪನಿ ಬಿಳಿ ಇಯರ್‌ಫೋನಿನ ಅಲಂಕಾರವೊಂದನ್ನು ಪುಕ್ಕಟೆ ಕೊಟ್ಟಿತ್ತು. ಮತ್ತೆ ಯಾರಿಗೂ ಅದು ಸಿಗದ್ದರಿಂದ ಆಟಗಾರರು ಅದನ್ನೇ ದೊಡ್ಡ ನೋಟಿನಂತೆ ಚಲಾಯಿಸತೊಡಗಿದರು! ಕಂಪನಿ ಹೇಳದೆಯೇ ಹುಟ್ಟಿದ ಈ ನಾಣ್ಯ ವ್ಯವಸ್ಥೆಯನ್ನು ಅರಿಯಲು 2012ರಲ್ಲಿ ಯಾನಿಸ್ ವರೂಫಾಕಿಸ್ ಎಂಬ ಅರ್ಥಶಾಸ್ತ್ರಜ್ಞರನ್ನು ವಾಲ್ವ್ ಕರೆಸಿಕೊಂಡಿತು. ಮೂರು ವರ್ಷದ ಬಳಿಕ ಅವರೇ ಗ್ರೀಸ್‌ನ ಹಣಕಾಸು ಸಚಿವರಾದರು.

ಕೌಂಟರ್-ಸ್ಟ್ರೈಕ್‌ನ ಸ್ಕಿನ್ ಹುಟ್ಟುವ ಬಗೆಯನ್ನು ಹತ್ತಿರದಿಂದ ನೋಡಿದರೆ ಟೋಪಿಗಳ ವ್ಯಾಪಾರದಿಂದ ವಾಲ್ವ್ ಕಲಿತ ಪಾಠದ ಫಲ ಕಾಣುತ್ತದೆ. ಆಡುತ್ತಿರುವವರಿಗೆ ಆಗಾಗ ಬೀಗ ಹಾಕಿದ ಪೆಟ್ಟಿಗೆ ಉಚಿತವಾಗಿ ಸಿಗುತ್ತದೆ. ಅದನ್ನು ತೆರೆಯುವ ಕೀಗೆ ಸುಮಾರು ಎರಡೂವರೆ ಡಾಲರ್. ಕೀ ತಿರುಗಿಸಿದಾಗ ಪರದೆಯ ಮೇಲೆ ಸ್ಕಿನ್‌ಗಳ ಸಾಲು ಬಲದಿಂದ ಎಡಕ್ಕೆ ಓಡಿ, ನಿಧಾನವಾಗಿ, ಒಂದರ ಮೇಲೆ ನಿಲ್ಲುತ್ತದೆ. ಚೀನಾದ ನಿಯಮದ ದೆಸೆಯಿಂದ 2017ರಲ್ಲಿ ಬಹಿರಂಗವಾದ ಅನುಪಾತದಂತೆ, ನೂರರಲ್ಲಿ ಸುಮಾರು 80 ಸಲ ಬರುವುದು ಅತಿ ಸಾಮಾನ್ಯವಾದ ನೀಲಿ ದರ್ಜೆ. ಚಾಕುವಿನಂಥ ಚಿನ್ನದ ದರ್ಜೆಯ ವಸ್ತು ಬರುವ ಸಾಧ್ಯತೆ ಶೇ 0.26. ಅಂದರೆ ಸರಾಸರಿ 385 ಪೆಟ್ಟಿಗೆಗೆ ಒಂದು, ಕೀಯ ಖರ್ಚೇ 960 ಡಾಲರ್ ಆಸುಪಾಸು. ಯಾವಾಗ ಕಾಳು ಬೀಳುತ್ತದೆಂದು ತಿಳಿಯದ ಪಾರಿವಾಳವೇ ಗುಂಡಿಯನ್ನು ಬಿಡದೆ ಕುಟುಕುತ್ತದೆ ಎಂದು ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ತೋರಿಸಿದ್ದರು. ಇಲ್ಲಿ ಕೆಲಸ ಮಾಡುವುದೂ ಅದೇ ತತ್ವ.

ಆದರೆ ಲಾಟರಿಯ ಹುಚ್ಚೊಂದೇ ಇಷ್ಟು ವರ್ಷ ಸಂತೆಯನ್ನು ನಡೆಸಲಾರದು. ಪ್ರತಿ ಸ್ಕಿನ್ನಿಗೂ ಹುಟ್ಟುವಾಗಲೇ 0ಯಿಂದ 1ರ ನಡುವಿನ ಒಂದು ಸವೆತದ ಅಂಕಿ ಅಂಟಿಕೊಳ್ಳುತ್ತದೆ. 0.07ಕ್ಕಿಂತ ಕಡಿಮೆಯಿದ್ದರೆ ಹೊಸದರಂತೆ ಹೊಳಪು, 0.45 ದಾಟಿದರೆ ಕಿತ್ತುಹೋದ ಬಣ್ಣ. ಎಷ್ಟೇ ಬಳಸಿದರೂ ಆ ಅಂಕಿ ಬದಲಾಗದು. ವಿನ್ಯಾಸವನ್ನು ಆಯುಧದ ಮೇಲೆ ಯಾವ ಕೋನದಲ್ಲಿ ಹಾಸಬೇಕೆಂಬುದನ್ನು ಇನ್ನೊಂದು ಸಂಖ್ಯೆ ನಿರ್ಧರಿಸುತ್ತದೆ. ‘ಕೇಸ್ ಹಾರ್ಡನ್ಡ್’ ಎಂಬ ಸ್ಕಿನ್ ಕಾಯಿಸಿದ ಉಕ್ಕಿನಂತೆ ನೀಲಿ, ಹಳದಿ, ನೇರಳೆ ಬಣ್ಣಗಳ ಮಿಶ್ರಣ. ಎಕೆ-47 ಬಂದೂಕಿನ ಮೇಲೆ 661ನೇ ವಿನ್ಯಾಸ ಬಿದ್ದರೆ ಎದ್ದು ಕಾಣುವ ಭಾಗವೆಲ್ಲ ನೀಲಿಯಾಗುತ್ತದೆ. ಉಳಿದ ಬಂದೂಕುಗಳಿಗಿಂತ ಅದು ನೂರಾರು ಪಟ್ಟು ದುಬಾರಿ. ರೇಷ್ಮೆ ಸೀರೆಯ ಅಂಗಡಿಯಲ್ಲಿ ಅಂಚು, ಸೆರಗು ಬಿಡಿಸಿ ನೋಡುವ ಗಿರಾಕಿಯಂತೆ ಪರಿಣತರು ಈ ಅಂಕಿಗಳನ್ನು ನೋಡಿಯೇ ಬೆಲೆ ಕಟ್ಟುತ್ತಾರೆ. ವಸ್ತುವೊಂದರ ಬಗ್ಗೆ ಮಾತನಾಡಲು, ವಾದಿಸಲು ಇಷ್ಟೆಲ್ಲ ವಿವರವಿದ್ದರೆ ಸಂಗ್ರಾಹಕರು ತಾವಾಗಿಯೇ ಹುಟ್ಟಿಕೊಳ್ಳುತ್ತಾರೆ.

ಅದಕ್ಕೂ ಮುಖ್ಯವಾದದ್ದು ಪ್ರದರ್ಶನ. ಪರದೆಯಲ್ಲಿ ಆಟಗಾರನ ಕಣ್ಣ ಮುಂದೆ ಸದಾ ಇರುವುದು ಅವನ ಬಂದೂಕು. ಅವನು ಸತ್ತರೆ ಅದು ನೆಲಕ್ಕೆ ಬೀಳುತ್ತದೆ, ಎದುರಾಳಿ ಎತ್ತಿಕೊಂಡು ತಿರುಗಿಸಿ ನೋಡಬಹುದು. ಟೂರ್ನಿಗಳಲ್ಲಿ ಲಕ್ಷಾಂತರ ಪ್ರೇಕ್ಷಕರು ನಿಪುಣರ ಕೈಯಲ್ಲಿನ ಸ್ಕಿನ್ ನೋಡುತ್ತಾರೆ. ಯಾರೂ ನೋಡದ ಒಡವೆಗೆ ಎಷ್ಟು ಬೆಲೆಯೋ, ಯಾರೂ ಆಡದ ಗೇಮ್‌ನ ಸ್ಕಿನ್ನಿಗೂ ಅಷ್ಟೇ.

ಇನ್ನು ಸಂತೆಯ ಲೆಕ್ಕಾಚಾರ. ಅದಕ್ಕೆ ಹಳ್ಳಿಯ ಕೆರೆಯ ಉಪಮೆ ಚೆನ್ನಾಗಿ ಒಪ್ಪುತ್ತದೆ. ಕೆರೆಗೆ ಹಳ್ಳದಿಂದ ನೀರು ಬರುತ್ತದೆ, ತೂಬಿನಿಂದ ಗದ್ದೆಗೆ ಹೋಗುತ್ತದೆ, ಹೆಚ್ಚಾದದ್ದು ಕೋಡಿಯಲ್ಲಿ ಹರಿಯುತ್ತದೆ. ಒಳಹರಿವೇ ನಿಂತರೆ ಕೆರೆ ಒಣಗುತ್ತದೆ. ತೂಬೂ ಕೋಡಿಯೂ ಇಲ್ಲದಿದ್ದರೆ ಏರಿ ಒಡೆಯುತ್ತದೆ. ಗೇಮ್‌ನಲ್ಲಿ ಒಳಹರಿವೆಂದರೆ ಹೊಸದಾಗಿ ಹುಟ್ಟುವ ವಸ್ತು. ತೂಬೆಂದರೆ ವಸ್ತು ಶಾಶ್ವತವಾಗಿ ಅಳಿಯುವ ದಾರಿ. 1997ರ ‘ಅಲ್ಟಿಮಾ ಆನ್‌ಲೈನ್’ ತನ್ನ ಲೋಕದ ಸಂಪನ್ಮೂಲಕ್ಕೆಲ್ಲ ಮಿತಿ ಹಾಕಿ, ಬಳಸಿದ್ದು ಮರಳಿ ಬರುವಂತೆ ಮಾಡಿತ್ತು. ಆಟಗಾರರು ಸಿಕ್ಕಿದ್ದನ್ನೆಲ್ಲ ಮನೆಯಲ್ಲಿ ಕೂಡಿಟ್ಟರು, ಲೋಕ ಬರಿದಾಯಿತು, ಆ ಏರ್ಪಾಟನ್ನೇ ಕೈಬಿಡಬೇಕಾಯಿತು.

ಕೌಂಟರ್-ಸ್ಟ್ರೈಕ್‌ನಲ್ಲಿ ತೂಬುಗಳು ಕಣ್ಣಿಗೆ ಬೀಳದಷ್ಟು ಸಹಜ. ಒಂದೇ ದರ್ಜೆಯ ಹತ್ತು ಸ್ಕಿನ್ ಕೊಟ್ಟರೆ ಮೇಲಿನ ದರ್ಜೆಯದೊಂದು ಸಿಗುತ್ತದೆ. ಹತ್ತು ಅಳಿದು ಒಂದು ಹುಟ್ಟುತ್ತದೆ. ಬಂದೂಕಿಗೆ ಅಂಟಿಸುವ ಸ್ಟಿಕ್ಕರ್ ಇನ್ನೂ ಸೊಗಸಾದ ತೂಬು. ಒಮ್ಮೆ ಅಂಟಿಸಿದ್ದನ್ನು ಕೆರೆದು ತೆಗೆಯಬಹುದೇ ಹೊರತು ಮರಳಿ ಪಡೆಯಲಾಗದು. ಪೋಲೆಂಡ್‌ನ ಕಟೊವಿಸ್‌ನಲ್ಲಿ ನಡೆದ 2014ರ ಟೂರ್ನಿಯ ಸ್ಟಿಕ್ಕರ್‌ಗಳು ಅಂದು ಚಿಲ್ಲರೆ ಕಾಸಿಗೆ ಸಿಗುತ್ತಿದ್ದವು. ಆಟಗಾರರು ಅಂಟಿಸಿ ಮುಗಿಸಿದರು. ಅದರಲ್ಲಿ ಆಡಿದ್ದ ‘ಐಬೈಪವರ್’ ತಂಡದವರು ಆಮೇಲೆ ಮೋಸದಾಟಕ್ಕೆ ಸಿಕ್ಕಿಬಿದ್ದು 2015ರಲ್ಲಿ ನಿಷೇಧಕ್ಕೊಳಗಾದರು; ಅವರ ಮಿರುಗುವ ಸ್ಟಿಕ್ಕರ್ ಈಗ ಹತ್ತಾರು ಸಾವಿರ ಡಾಲರ್‌ನ ಮಾತು. ಜೊತೆಗೆ ಪ್ರತಿ ಮಾರಾಟದಲ್ಲೂ ಸುಮಾರು ಶೇ 15 ಸುಂಕ ಕಂಪನಿಗೆ. ಅಧಿಕೃತ ಮಾರುಕಟ್ಟೆಯಲ್ಲಿ ಬಂದ ಹಣ ಸ್ಟೀಮ್ ಖಾತೆಯಲ್ಲೇ ಉಳಿಯುತ್ತದೆ, ನಗದಾಗದು. ನಗದು ಬೇಕಾದವರು ಹೊರಗಿನ ತಾಣಗಳ ಮೊರೆ ಹೋಗುತ್ತಾರೆ.

ಸೋತವರ ಕಥೆಯಲ್ಲಿ ಹೆಚ್ಚು ಪಾಠವಿದೆ. 2012ರ ‘ಡಯಾಬ್ಲೊ 3’ ಗೇಮ್‌ನ ಸಾರವೇ ರಾಕ್ಷಸರನ್ನು ಕೊಂದು ಒಳ್ಳೆಯ ಆಯುಧ ಗಿಟ್ಟಿಸುವುದು. ಅದನ್ನೇ ದುಡ್ಡು ಕೊಟ್ಟು ಕೊಳ್ಳುವ ಹರಾಜು ಕಟ್ಟೆಯನ್ನು ಕಂಪನಿ ತೆರೆಯಿತು. ಕೊಂಡ ಕತ್ತಿ ಕೊಂದು ಗಳಿಸಿದ್ದಕ್ಕಿಂತ ಚೆನ್ನಾಗಿದ್ದರೆ ಕೊಲ್ಲುವುದೇತಕ್ಕೆ? ಆಟವೇ ಸಪ್ಪೆಯಾಯಿತು, 2014ರ ಮಾರ್ಚ್‌ನಲ್ಲಿ ಕಟ್ಟೆ ಮುಚ್ಚಿತು. 2018ರ ‘ಆರ್ಟಿಫ್ಯಾಕ್ಟ್’ ಇನ್ನೂ ವಿಚಿತ್ರ. ರೂಪಿಸಿದವರು ಅದೇ ಗಾರ್ಫೀಲ್ಡ್, ಹೊರತಂದದ್ದು ಅದೇ ವಾಲ್ವ್, ಎಲೆಗಳ ವ್ಯಾಪಾರ ಅದೇ ಸ್ಟೀಮ್ ಮಾರುಕಟ್ಟೆಯಲ್ಲಿ. ಗೇಮ್‌ಗೆ 20 ಡಾಲರ್ ತೆತ್ತು ಒಳಗೆ ಬಂದವನು ಗೆಲ್ಲಬೇಕಾದರೆ ಬಲವಾದ ಎಲೆಗಳಿಗೆ ಮತ್ತೆ ದುಡ್ಡು ಬಿಚ್ಚಬೇಕಿತ್ತು. ಮೊದಲ ದಿನ ಏಕಕಾಲಕ್ಕೆ 60 ಸಾವಿರ ಮಂದಿ ಆಡಿದರು. ಕೆಲವೇ ತಿಂಗಳಲ್ಲಿ ಆ ಸಂಖ್ಯೆ ನೂರರ ಲೆಕ್ಕಕ್ಕಿಳಿಯಿತು. ಆಡುವವರಿಲ್ಲದ ಮೇಲೆ ಎಲೆಗೆ ಬೆಲೆಯೆಲ್ಲಿ? 2021ರಲ್ಲಿ ವಾಲ್ವ್ ಅದರ ಕೆಲಸ ನಿಲ್ಲಿಸಿತು.

ಇವೆರಡಕ್ಕಿಂತ ದೊಡ್ಡ ಗದ್ದಲ ‘ಆಕ್ಸಿ ಇನ್ಫಿನಿಟಿ’ಯದು. ವಿಯೆಟ್ನಾಂನ ಸ್ಕೈ ಮೇವಿಸ್ ಕಂಪನಿಯ ಈ ಗೇಮ್‌ನಲ್ಲಿ ಮುದ್ದು ಪ್ರಾಣಿಗಳನ್ನು ಕೊಂಡು, ಕಾದಾಡಿಸಿ, ಮರಿ ಮಾಡಿಸಬೇಕು. ಪ್ರತಿ ಪ್ರಾಣಿಯೂ ಬ್ಲಾಕ್‌ಚೈನ್ ಎಂಬ, ಹಲವು ಕಂಪ್ಯೂಟರ್‌ಗಳಲ್ಲಿ ಹಂಚಿಟ್ಟ ದಾಖಲೆ ಪುಸ್ತಕದ ಮೇಲಿನ ಒಂದು ಟೋಕನ್. ಕಾದಾಟದಲ್ಲಿ ಗೆದ್ದರೆ ‘ಎಸ್‌ಎಲ್‌ಪಿ’ ಎಂಬ ನಾಣ್ಯ. ಕೋವಿಡ್ ಕಾಲದಲ್ಲಿ ಕೆಲಸ ಕಳೆದುಕೊಂಡ ಫಿಲಿಪ್ಪೀನ್ಸ್‌ನ ಜನ ಇದನ್ನೇ ಕೂಲಿಯಾಗಿ ಮಾಡಿಕೊಂಡರು. ಮನಿಲಾದ ಉತ್ತರಕ್ಕಿರುವ ಕಬನಾಟುವಾನ್ ಊರಿನಿಂದ ಸುದ್ದಿ ಹಬ್ಬಿತು. ಪ್ರಾಣಿ ಕೊಳ್ಳಲಾಗದವರಿಗೆ ಉಳ್ಳವರು ಬಾಡಿಗೆ ಕೊಟ್ಟು ಗಳಿಕೆಯಲ್ಲಿ ಪಾಲು ಪಡೆದರು. ಆಡುವವರ ಹೆಸರು ‘ಸ್ಕಾಲರ್’, ಒಡೆಯರ ಹೆಸರು ‘ಮ್ಯಾನೇಜರ್’. ಹಸುವನ್ನು ವಾರಕ್ಕೆ ಸಾಕಲು ಕೊಡುವ ಪದ್ಧತಿ ಬಲ್ಲವರಿಗೆ ಇದರಲ್ಲಿ ವಿಶೇಷವೇನೂ ಕಾಣದು, ಹಸು ಹಾಲು ಕೊಡುತ್ತದೆ ಎಂಬುದೊಂದನ್ನು ಬಿಟ್ಟರೆ.

ಕೆರೆಯ ಲೆಕ್ಕ ಇಲ್ಲಿ ತಪ್ಪಿತು. ಎಸ್‌ಎಲ್‌ಪಿ ದಿನವೂ ಲಕ್ಷಾಂತರ ಜನರ ಆಟದಿಂದ ಸುರಿಯುತ್ತಿತ್ತು. ಅದು ಖರ್ಚಾಗುವ ಮುಖ್ಯ ತೂಬು ಮರಿ ಮಾಡಿಸುವುದೊಂದೇ. ಆದರೆ ಆ ಮರಿಯನ್ನು ಕೊಳ್ಳಲು ಹೊಸಬ ಬರಬೇಕು. ಬಂದವನು ತಾನೂ ಎಸ್‌ಎಲ್‌ಪಿ ಸುರಿಯುತ್ತಾನೆ. ಖುಷಿಗೆಂದು ದುಡ್ಡು ಕಳೆಯಲು ಬಂದವರು ವಿರಳ, ಎಲ್ಲರೂ ಬಂದದ್ದು ಸಂಪಾದನೆಗೆ. 2021ರ ಜುಲೈನಲ್ಲಿ 35 ಸೆಂಟ್ ಆಸುಪಾಸಿಗೆ ಏರಿದ್ದ ಎಸ್‌ಎಲ್‌ಪಿ ಮರುವರ್ಷದ ನಡುಭಾಗಕ್ಕೆ ಒಂದು ಸೆಂಟಿಗಿಂತ ಕೆಳಗಿತ್ತು. ಕಂಪನಿ 2022ರ ಫೆಬ್ರುವರಿಯಲ್ಲಿ ಒಳಹರಿವನ್ನು ಬಿಗಿ ಮಾಡಿತಾದರೂ ಹೊತ್ತು ಮೀರಿತ್ತು. ಮಾರ್ಚ್‌ನಲ್ಲಿ ಅದರ ‘ರೋನಿನ್’ ಜಾಲಕ್ಕೆ ಕನ್ನ ಬಿದ್ದು 60 ಕೋಟಿ ಡಾಲರ್‌ಗೂ ಹೆಚ್ಚು ಮೌಲ್ಯದ ಟೋಕನ್ ಮಾಯವಾಯಿತು. ಅದು ಗೊತ್ತಾದದ್ದು ಆರು ದಿನದ ನಂತರ, ಬಳಕೆದಾರನೊಬ್ಬನಿಗೆ ತನ್ನ ಹಣ ತೆಗೆಯಲಾಗದೆ ಹೋದಾಗ. ಉತ್ತರ ಕೊರಿಯಾದ ಲಜಾರಸ್ ತಂಡದ ಕೈವಾಡವೆಂದು ಅಮೆರಿಕದ ಎಫ್‌ಬಿಐ ಹೇಳಿತು.

ಬ್ಲಾಕ್‌ಚೈನ್ ಇದ್ದರೆ ವಸ್ತು ನಿಜಕ್ಕೂ ಆಟಗಾರನ ಸ್ವತ್ತಾಗುತ್ತದೆ ಎಂಬ ಪ್ರಚಾರವೂ ಅಷ್ಟೇ ಪೊಳ್ಳು. ‘ಎಫ್1 ಡೆಲ್ಟಾ ಟೈಮ್’ ಎಂಬ ರೇಸ್ ಗೇಮ್‌ನ ಕಾರೊಂದು 2019ರಲ್ಲಿ ಲಕ್ಷ ಡಾಲರ್‌ಗೂ ಹೆಚ್ಚಿಗೆ ಮಾರಾಟವಾಯಿತು. 2022ರ ಮಾರ್ಚ್‌ನಲ್ಲಿ ಪರವಾನಗಿ ಮುಗಿದು ಗೇಮ್ ನಿಂತಿತು. ಬೇರೆ ಗೇಮ್‌ನ ಕಾರನ್ನು ಬದಲಿಗೆ ಕೊಡುವುದಾಗಿ ಕಂಪನಿ ಹೇಳಿತು. ಟೋಕನ್ ಈಗಲೂ ಮಾಲೀಕನದೇ, ಓಡಿಸಲು ರಸ್ತೆ ಮಾತ್ರ ಇಲ್ಲ.

ಹಾಗೆಂದು ವಾಲ್ವ್‌ನ ಸಂತೆ ಭದ್ರವೆಂದೇನೂ ಅಲ್ಲ, ಕೆರೆಯ ಕೀಲಿ ಒಬ್ಬರ ಕೈಯಲ್ಲೇ ಇದೆ. 2025ರ ಅಕ್ಟೋಬರ್‌ನಲ್ಲಿ ಐದು ಕೆಂಪು ದರ್ಜೆಯ ಸ್ಕಿನ್ ಕೊಟ್ಟರೆ ಚಾಕು ಅಥವಾ ಕೈಗವಸು ಪಡೆಯುವಂತೆ ಕಂಪನಿ ನಿಯಮ ಬದಲಿಸಿತು. ಒಂದೆರಡು ದಿನದಲ್ಲೇ ಎಷ್ಟೋ ಚಾಕುಗಳ ಬೆಲೆ ನೆಲಕಚ್ಚಿತು, ಕೆಂಪು ಸ್ಕಿನ್‌ಗಳದು ಜಿಗಿಯಿತು. ಬೆಲೆ ಲೆಕ್ಕವಿಡುವ ತಾಣಗಳ ಅಂದಾಜಿನಲ್ಲಿ ಒಟ್ಟು ಮೌಲ್ಯದಿಂದ 100 ಕೋಟಿ ಡಾಲರ್‌ಗೂ ಹೆಚ್ಚು ಕರಗಿತು. ಮ್ಯಾಜಿಕ್ ಕಂಪನಿ 1996ರಲ್ಲಿ ಕೊಟ್ಟಂಥ ಮಾತನ್ನು ವಾಲ್ವ್ ಎಂದೂ ಕೊಟ್ಟಿರಲಿಲ್ಲ. ಆದರೂ ಗೇಮ್ ನಿಲ್ಲಲಿಲ್ಲ. ಆಡುವವರಲ್ಲಿ ಬಹುಪಾಲು ಜನರ ಬಳಿ ಅಂಥ ದುಬಾರಿ ಚಾಕುವೇ ಇರಲಿಲ್ಲ.

ಸ್ಕಿನ್‌ಗಳನ್ನೇ ಪಣವಿಟ್ಟು ಜೂಜಾಡಿಸುವ ಹೊರಗಿನ ತಾಣಗಳ ಹಾವಳಿ ಬೇರೆಯೇ ಇದೆ. 2016ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಜೂಜು ನಿಯಂತ್ರಣ ಆಯೋಗ ಇದನ್ನು ತಡೆಯುವಂತೆ ವಾಲ್ವ್‌ಗೆ ತಾಕೀತು ಮಾಡಿತು. 2018ರಲ್ಲಿ ಬೆಲ್ಜಿಯಂ ಇಂಥ ಪೆಟ್ಟಿಗೆಗಳೇ ಜೂಜೆಂದು ಸಾರಿದ ಮೇಲೆ ಅಲ್ಲಿನ ಆಟಗಾರರು ಅವನ್ನು ತೆರೆಯುವಂತಿಲ್ಲ. ಫ್ರಾನ್ಸ್‌ನಲ್ಲಿ 2019ರಿಂದ ಪೆಟ್ಟಿಗೆಯನ್ನು ಮೊದಲು ‘ಎಕ್ಸ್-ರೇ’ ಯಂತ್ರದೊಳಗೆ ಇಡಬೇಕು. ಒಳಗೇನಿದೆಯೆಂದು ಕಂಡ ಮೇಲೆ ಕೀ ಕೊಳ್ಳುವುದು, ಬಿಡುವುದು ಆಟಗಾರನ ಇಷ್ಟ. ಆದರೆ ಅದನ್ನು ಕೊಳ್ಳದೆ ಮುಂದಿನ ಪೆಟ್ಟಿಗೆಯನ್ನು ಯಂತ್ರದೊಳಗೆ ಇಡಲು ಬಿಡುವುದಿಲ್ಲ.