ಗುಡ್ಡದ ಮೇಲೆ ಸೈಕಲ್ ದಾರಿ

ಸೈಕಲ್ ಎಂದೊಡನೆ ನಮ್ಮ ಹಿರಿಯರಿಗೆ ನೆನಪಾಗುವುದು ಹಾಲು, ಮೀನು, ಪತ್ರಿಕೆ ಹೊತ್ತು ಊರೂರು ಸುತ್ತಿದ ಗಟ್ಟಿಮುಟ್ಟಾದ ಕಪ್ಪು ಸೈಕಲ್. ಇಂದಿನ ವಿಷಯ ಇನ್ನೊಂದು ಬಗೆಯ ಸೈಕಲಿನದು. ಹಲ್ಲುಹಲ್ಲಾಗಿರುವ ಅಗಲದ ಟಯರು, ಏರು ಹತ್ತಲು ಹಲವು ಗಿಯರು, ಗುಂಡಿಗೆ ಬಿದ್ದರೂ ಕೈ ನೋಯದಂತೆ ಮುಂಭಾಗದಲ್ಲಿ ಸ್ಪ್ರಿಂಗು. ಇದು ಮೌಂಟನ್ ಬೈಕ್, ಅಂದರೆ ಬೆಟ್ಟದ ಸೈಕಲ್. ಇದಕ್ಕೆ ಡಾಮರು ರಸ್ತೆ ಬೇಡ. ಕಲ್ಲು, ಮಣ್ಣು, ಏರು, ಇಳಿಜಾರು ಇದ್ದರೆ ಸಾಕು.

1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಯುವಕರು ಹಳೆಯ ಸೈಕಲುಗಳನ್ನು ರಿಪೇರಿ ಮಾಡಿ ಬೆಟ್ಟದ ಮಣ್ಣುದಾರಿಯಲ್ಲಿ ಇಳಿಸತೊಡಗಿದರು. ಆ ಆಟ ಬೆಳೆದು 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸಿಗೆ ಸೇರಿತು. ನಮ್ಮ ಕೇರಳಕ್ಕೂ ಅದು ಬಂದಿದೆ. ವಯನಾಡಿನ ಮಾನಂತವಾಡಿ ಬಳಿಯ ಪ್ರಿಯದರ್ಶಿನಿ ಚಹಾ ತೋಟದಲ್ಲಿ ಇಂಥ ಸ್ಪರ್ಧೆಗಳು ನಡೆದಿವೆ. 2023ರ ಅಕ್ಟೋಬರ್ 26ರಿಂದ 29ರವರೆಗೆ ತಿರುವನಂತಪುರ ಜಿಲ್ಲೆಯ ಪೊನ್ಮುಡಿಯಲ್ಲಿ ಏಷ್ಯಾ ಖಂಡದ ಚಾಂಪಿಯನ್‌ಶಿಪ್ಪೇ ನಡೆಯಿತು. ಪೊನ್ಮುಡಿಯ ಆಸುಪಾಸಿನಲ್ಲೇ ಪೆಪ್ಪಾರ ವನ್ಯಜೀವಿ ಧಾಮವಿದೆ. ಹಾಗಾಗಿ, ಕಾಡುಪ್ರಾಣಿಗಳ ನೆಲೆಯ ಪಕ್ಕದಲ್ಲಿ ಸೈಕಲ್ ದಾರಿ ಮಾಡಬಹುದೇ, ಮಾಡುವುದಾದರೆ ಹೇಗೆ ಎಂಬ ಪ್ರಶ್ನೆ ಈಗ ದೂರದೇಶದ ಪ್ರಶ್ನೆಯಲ್ಲ.

ನಾಳೆ ಪುತ್ತಿಗೆ, ಅಂಗಡಿಮೊಗರು, ಸೀತಾಂಗೋಳಿ ಕಡೆಯ ಗುಡ್ಡಗಳಿಗೂ ಇಂಥ ಒಂದು ಯೋಜನೆ ಬಂತೆನ್ನಿ. ಆಗ ಊರಿನಲ್ಲಿ ಎರಡು ಮಾತು ಕೇಳಿಬರುತ್ತದೆ. ಒಬ್ಬರು, ಸೈಕಲಿಗೆ ಹೊಗೆಯಿಲ್ಲ, ಸದ್ದಿಲ್ಲ, ಅದರಿಂದ ಯಾರಿಗೇನು ತೊಂದರೆ ಎನ್ನುತ್ತಾರೆ. ಇನ್ನೊಬ್ಬರು, ಗುಡ್ಡೆಗೆ ಯಾರೂ ಕಾಲಿಡುವುದೇ ಬೇಡ ಎನ್ನುತ್ತಾರೆ. ಎರಡನ್ನೂ ಸ್ವಲ್ಪ ಒರೆಗೆ ಹಚ್ಚಿ ನೋಡೋಣ.

ಮೊದಲನೆಯದಾಗಿ, ಸದ್ದಿಲ್ಲದಿರುವುದು ಯಾವಾಗಲೂ ಒಳ್ಳೆಯದಲ್ಲ. ನಡೆದು ಬರುವವನ ಮಾತು, ಹೆಜ್ಜೆಯ ಸದ್ದು ಪ್ರಾಣಿಗೆ ಮೊದಲೇ ತಿಳಿಯುತ್ತದೆ. ಅದು ಸರಿದು ನಿಲ್ಲುತ್ತದೆ. ಸೈಕಲ್ ಹಾಗಲ್ಲ, ವೇಗವಾಗಿ, ಮೆಲ್ಲನೆ, ತಿರುವಿನಲ್ಲಿ ಎದುರಾಗಿಬಿಡುತ್ತದೆ. ಎದುರಿಗಿರುವುದು ಮರಿಗಳೊಂದಿಗಿರುವ ಕಾಡುಹಂದಿಯಾದರೆ ಸವಾರನಿಗೂ ಅಪಾಯ, ಹಂದಿಗೂ ಗಾಬರಿ. ಅಮೆರಿಕದ ಯೂಟಾ ರಾಜ್ಯದ ಆಂಟಿಲೋಪ್ ದ್ವೀಪದಲ್ಲಿ ನಡೆದ ಒಂದು ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಅಲ್ಲಿನ ಜಿಂಕೆ ಮತ್ತು ಕಾಡೆಮ್ಮೆಗಳು ನಡೆಯುವವರನ್ನು ಕಂಡು ಎಷ್ಟು ಬೆದರಿದವೋ ಸೈಕಲಿನವರನ್ನು ಕಂಡೂ ಹೆಚ್ಚುಕಡಿಮೆ ಅಷ್ಟೇ ಬೆದರಿದವು. ದಾರಿಯಿಂದ 100 ಮೀಟರ್ ಒಳಗಿದ್ದ ಜಿಂಕೆ ಓಡಿಹೋಗುವ ಸಾಧ್ಯತೆ ನೂರಕ್ಕೆ 70ರಷ್ಟಿತ್ತು. ದಾರಿ ಬಿಟ್ಟು ಓಡಾಡಿದಾಗ ಆ ಸಾಧ್ಯತೆ ಇನ್ನೂ ಹೆಚ್ಚಿತು.

ಇದರಿಂದ ತಿಳಿಯಬೇಕಾದ್ದು ಎರಡು. ದಾರಿ ಎರಡಡಿ ಅಗಲದ್ದೇ ಇರಬಹುದು, ಅದರ ಪರಿಣಾಮ ಎರಡೂ ಮಗ್ಗುಲಿಗೆ ಬಲುದೂರ ಹಬ್ಬುತ್ತದೆ. ಹಾಗೆಯೇ, ಗುಡ್ಡದ ತುಂಬ ಬೇಕಾದಲ್ಲಿ ಓಡಾಡುವುದಕ್ಕಿಂತ ಎಲ್ಲರೂ ಒಂದೇ ದಾರಿ ಹಿಡಿಯುವುದು ಮೇಲು. ಪ್ರಾಣಿಗಳಿಗೂ ಮನುಷ್ಯ ಎಲ್ಲಿ ಬರುತ್ತಾನೆ, ಎಲ್ಲಿ ಬರುವುದಿಲ್ಲ ಎಂಬುದು ಕ್ರಮೇಣ ಅಭ್ಯಾಸವಾಗುತ್ತದೆ.

ಇನ್ನು ನಮ್ಮ ಗುಡ್ಡಗಳ ವಿಷಯಕ್ಕೆ ಬರೋಣ. ಮುರಕಲ್ಲಿನ ಪದವನ್ನು ಬೇಸಗೆಯಲ್ಲಿ ಕಂಡವರು ಇದು ಬರಡು ಪಾರೆ ಎಂದುಕೊಳ್ಳುತ್ತಾರೆ. ಅದೇ ಪದವನ್ನು ಮಳೆಗಾಲದಲ್ಲಿ ನೋಡಬೇಕು. ಕಲ್ಲಿನ ತಗ್ಗುಗಳಲ್ಲಿ ನೀರು ನಿಂತು ಪಳ್ಳಗಳಾಗುತ್ತವೆ, ಕಪ್ಪೆಗಳು ಮೊಟ್ಟೆಯಿಡುತ್ತವೆ. ಅಂಗುಲ ದಪ್ಪದ ಮಣ್ಣಿನಲ್ಲಿ ನೀಲಿ ಹೂಗಳ ಹಾಸು ಏಳುತ್ತದೆ. ಓಣಂ ಪೂಕ್ಕಳಕ್ಕೆ ಮಕ್ಕಳು ಕೊಯ್ಯುವ ಕಾಕ್ಕಪ್ಪೂ ಇದೇ. ಇದು ಸಣ್ಣ ಕೀಟಗಳನ್ನು ಹಿಡಿದು ತಿನ್ನುವ ಗಿಡ. ಟಿಟ್ಟಿಭ, ಮಲಯಾಳದಲ್ಲಿ ತಿತ್ತಿರಿ ಎನ್ನುವ ಹಕ್ಕಿ, ಗೂಡೇ ಕಟ್ಟದೆ ಬರಿಯ ನೆಲದ ಮೇಲೆ ಕಲ್ಲಿನ ಬಣ್ಣದ ಮೊಟ್ಟೆಯಿಡುತ್ತದೆ. ಮಾರ್ಚಿನಿಂದ ಆಗಸ್ಟಿನವರೆಗೆ ಅದರ ಮರಿ ಮಾಡುವ ಕಾಲ. ಹತ್ತಡಿ ದೂರದಿಂದ ಕಣ್ಣಿಗೆ ಬೀಳದ ಆ ಮೊಟ್ಟೆ ಓಡುವ ಚಕ್ರದ ಮೇಲಿರುವವನಿಗೆ ಕಂಡೀತೇ?

2023ರಲ್ಲಿ ನಮ್ಮ ಕಾಸರಗೋಡು ಜಿಲ್ಲೆ ತನ್ನದೇ ಆದ ಮರ, ಹೂವು, ಹಕ್ಕಿ ಮತ್ತು ಪ್ರಾಣಿಯನ್ನು ಘೋಷಿಸಿಕೊಂಡದ್ದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಮರ ಕಾಸರಕ, ಮಲಯಾಳದ ಕಾಞ್ಞಿರ. ಹೂವು ಪೆರಿಯ ಪೊಲತ್ತಾಳಿ. ಅದು ಬೆಳೆಯುವುದು ದೊಡ್ಡ ಕಾಡಿನಲ್ಲಲ್ಲ, ಮುರಕಲ್ಲಿನ ನಾಡಿನಲ್ಲಿ ಮಳೆಗಾಲಕ್ಕೆ ಮಾತ್ರ ಹರಿಯುವ ತೋಡಿನಲ್ಲಿ. ನಮ್ಮ ನೆರೆಯ ಕಿದೂರು ಹಕ್ಕಿಗಳಿಗಾಗಿ ಹೆಸರಾದ ಊರು. ಅದೂ ಯಾವ ವನ್ಯಜೀವಿ ಧಾಮದೊಳಗೂ ಇಲ್ಲ. ಬೋರ್ಡು ಹಾಕಿದ ಕಾಡು ಮಾತ್ರ ರಕ್ಷಿಸಬೇಕಾದ ಜಾಗ, ಉಳಿದದ್ದೆಲ್ಲ ಪಾಳುಭೂಮಿ ಎಂದು ತಿಳಿಯುವುದು ಸರಿಯಲ್ಲವೆಂಬುದಕ್ಕೆ ಇಷ್ಟು ಸಾಕು.

ಹಾಗಾದರೆ ದಾರಿ ಮಾಡುವುದೇ ಬೇಡವೇ? ಇಲ್ಲಿ ದಾರಿ ಮಾಡುವವರ ಲೆಕ್ಕಾಚಾರವನ್ನೇ ಕೇಳೋಣ. ಬೆಟ್ಟದ ಸೈಕಲ್ ದಾರಿಗೆ ದೊಡ್ಡ ಶತ್ರು ಚಕ್ರವಲ್ಲ, ನೀರು. ಗುಡ್ಡದ ನೆತ್ತಿಯಿಂದ ನೇರವಾಗಿ ಕೆಳಗಿಳಿಯುವ ದಾರಿ ಮೊದಲ ಮಳೆಗೇ ತೋಡಾಗುತ್ತದೆ. ಆದುದರಿಂದ ದಾರಿಯನ್ನು ಇಳಿಜಾರಿಗೆ ಅಡ್ಡಡ್ಡವಾಗಿ ಕಡಿಯಬೇಕು. ಗುಡ್ಡದ ಓರೆ ಎಷ್ಟಿದೆಯೋ ಅದರ ಅರ್ಧಕ್ಕಿಂತ ದಾರಿಯ ಏರು ಹೆಚ್ಚಿರಬಾರದು. ಒಟ್ಟಾರೆ ನೂರಡಿ ಸಾಗುವಲ್ಲಿ ಏರು ಸರಾಸರಿ ಹತ್ತಡಿ ಮೀರಬಾರದು. ದಾರಿಯ ಹೊರಬದಿ ಸ್ವಲ್ಪ ತಗ್ಗಿರಬೇಕು. ಅಲ್ಲಲ್ಲಿ ದಾರಿ ಇಳಿದು ಮತ್ತೆ ಒಂದಿಷ್ಟು ಏರಬೇಕು. ಆಗ ನೀರು ದಾರಿಯುದ್ದಕ್ಕೂ ಓಡದೆ ಆ ತಗ್ಗಿನಲ್ಲಿ ಹೊರಕ್ಕೆ ಹರಿದುಹೋಗುತ್ತದೆ. ಅಡಿಕೆ ತೋಟಕ್ಕೆ ಗುಡ್ಡದ ನೀರು ನುಗ್ಗದಂತೆ ಕಣಿ ತೆಗೆದು ಅಭ್ಯಾಸವಿರುವ ನಮ್ಮ ಕೃಷಿಕರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಈಗ ಈ ನಿಯಮವನ್ನು ಪದವಿಗೆ ಹಚ್ಚಿ ನೋಡಿ. ಪದವು ಸಮತಟ್ಟು; ಅಲ್ಲಿ ನೀರು ಹೊರಹೋಗಲು ಓರೆಯೇ ಇಲ್ಲ. ಮಳೆಗೆ ದಾರಿ ಕೆಸರಾಗುತ್ತದೆ, ಕೆಸರು ತಪ್ಪಿಸಲು ಸವಾರ ಪಕ್ಕಕ್ಕೆ ಹೋಗುತ್ತಾನೆ, ಎರಡಡಿಯ ದಾರಿ ನೋಡನೋಡುತ್ತ ಇಪ್ಪತ್ತಡಿಯಾಗುತ್ತದೆ. ಕಲ್ಲು ಗಟ್ಟಿ ನಿಜ, ಅದರ ಮೇಲಿನ ಅಂಗುಲ ಮಣ್ಣು ಗಟ್ಟಿಯಲ್ಲ. ಅಂದರೆ ಹೂವು, ಕಪ್ಪೆ, ಟಿಟ್ಟಿಭಗಳಿಗೆ ಎಲ್ಲಿ ದಾರಿ ಬೇಡವೋ, ಬಾಳಿಕೆಯ ದೃಷ್ಟಿಯಿಂದಲೂ ಅಲ್ಲಿ ದಾರಿ ಬೇಡ. ಎರಡೂ ಲೆಕ್ಕ ಒಂದೇ ಕಡೆಗೆ ಬರುತ್ತದೆ. ಪದವನ್ನೂ ಪಳ್ಳವನ್ನೂ ಬಿಟ್ಟು, ಗೇರು ಮತ್ತು ರಬ್ಬರ್ ತೋಟಗಳ ಮಗ್ಗುಲಲ್ಲಿ ಮೊದಲೇ ಇರುವ ಮಣ್ಣು ರಸ್ತೆಗಳನ್ನೇ ಆಯ್ದು ಜೋಡಿಸುವುದು ಜಾಣತನ. ವಯನಾಡಿನಲ್ಲಿ ಸ್ಪರ್ಧೆಗೆ ಚಹಾ ತೋಟವನ್ನು ಆರಿಸಿಕೊಂಡದ್ದು ಇಲ್ಲಿ ಗಮನಿಸಬೇಕಾದ ಸಂಗತಿ. ಮನುಷ್ಯ ಈಗಾಗಲೇ ಬಳಸುತ್ತಿರುವ ನೆಲದಲ್ಲಿ ಹೊಸದಾಗಿ ಕೆಡುವುದು ಕಡಿಮೆ.

ನಮ್ಮಲ್ಲಿ ಇನ್ನೊಂದು ವಿಶೇಷವೂ ಇದೆ. ವರ್ಷಕ್ಕೆ ಸುಮಾರು 3,500 ಮಿಲ್ಲಿಮೀಟರ್ ಮಳೆ ಬಿದ್ದರೂ ಬೇಸಗೆಯಲ್ಲಿ ನಾವು ಸುರಂಗದ ನೀರನ್ನು ನೆಚ್ಚಿಕೊಂಡವರು. ಸುರಂಗದ ನೀರೆಂದರೆ ಗುಡ್ಡ ಕುಡಿದ ಮಳೆ. ದಾರಿ ತಪ್ಪಾಗಿ ಕಡಿದರೆ ಆ ಮಳೆ ಇಂಗುವ ಬದಲು ಕೆಂಪು ಮಣ್ಣನ್ನು ಹೊತ್ತು ತೋಡಿಗಿಳಿದು, ಕಟ್ಟಗಳನ್ನು ಹೂಳಿನಿಂದ ತುಂಬಿ, ಶಿರಿಯಾ ಹೊಳೆ ಸೇರುತ್ತದೆ. ಗುಡ್ಡದ ಮೇಲಿನ ಆಟದ ದಂಡ ಬುಡದ ಮನೆಯವರು ತೆರುವಂತಾಗಬಾರದು.

ಕಾನೂನಿನ ಮಾತನ್ನೂ ಹೇಳಬೇಕು. ವನ್ಯಜೀವಿ ಧಾಮದೊಳಗೆ ಹೊಸ ದಾರಿಯಿರಲಿ, ಪ್ರವೇಶಕ್ಕೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಬೇಕು. ನಮ್ಮ ಜಿಲ್ಲೆಯ ರಾಣಿಪುರಂ ಗುಡ್ಡ ಕೊಡಗಿನ ತಲಕಾವೇರಿ ಧಾಮಕ್ಕೆ ಹೊಂದಿಕೊಂಡಿದೆ. ಅಲ್ಲಿ ಚಾರಣವೂ ಅರಣ್ಯ ಇಲಾಖೆಯ ಸುಪರ್ದಿನಲ್ಲೇ ನಡೆಯುತ್ತದೆ. ಲೆಕ್ಕವಿಲ್ಲದೆ ಜನ ಬಂದರೆ ಏನಾಗುತ್ತದೆಂಬುದಕ್ಕೆ ಕುಮಾರಪರ್ವತ ಸಾಕ್ಷಿ. 2024ರ ಜನವರಿ ಕೊನೆಯ ರಜೆಯಲ್ಲಿ ಅಲ್ಲಿ ಸಾವಿರಾರು ಚಾರಣಿಗರು ಒಮ್ಮೆಲೇ ಸೇರಿದರು. ಆ ಬಳಿಕ ಕರ್ನಾಟಕ ಸರಕಾರ ಮುಂಗಡ ಬುಕಿಂಗ್ ಇಲ್ಲದ ಚಾರಣವನ್ನು ತಡೆಯಬೇಕಾಯಿತು. ಗಡಿಯ ಆಚೆಯ ಆ ಪಾಠ ಈಚೆಗೂ ಸಲ್ಲುತ್ತದೆ.

ಪುತ್ತಿಗೆಯ ಗುಡ್ಡಗಳಂಥ, ಯಾವ ಧಾಮಕ್ಕೂ ಸೇರದ ಜಾಗಗಳಿಗೆ ಯಾರು ದಿಕ್ಕು? 2002ರ ಜೀವವೈವಿಧ್ಯ ಕಾಯ್ದೆಯಂತೆ ಗ್ರಾಮಪಂಚಾಯತಿನಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರುತ್ತದೆ. ಊರಿನ ಗಿಡಮರ, ಪ್ರಾಣಿಪಕ್ಷಿಗಳ ದಾಖಲೆ ಪುಸ್ತಕ ಇಡುವುದು ಅದರ ಕೆಲಸ. ಯಾವ ಪಳ್ಳದಲ್ಲಿ ಯಾವ ತಿಂಗಳು ನೀರಿರುತ್ತದೆ, ಮುಳ್ಳುಹಂದಿ ಎಲ್ಲಿ ಓಡಾಡುತ್ತದೆ ಎಂಬುದನ್ನು ಬಲ್ಲ ಹಿರಿಯರು ನಮ್ಮಲ್ಲಿದ್ದಾರೆ. ಅವರ ತಿಳಿವಳಿಕೆ, ಕನ್ನಡ ಮತ್ತು ತುಳು ಹೆಸರುಗಳ ಸಮೇತ, ಆ ಪುಸ್ತಕಕ್ಕೆ ಸೇರಬೇಕು. ಬರೆದಿಟ್ಟದ್ದಕ್ಕೆ ಕಚೇರಿಯಲ್ಲಿ ಬೆಲೆಯಿದೆ.

ಯೋಜನೆಯೊಂದು ಬಂದಾಗ ಗ್ರಾಮಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು ಕೆಲವೇ. ದಾರಿ ಪದವು, ಪಳ್ಳ, ತೋಡುಗಳಿಂದ ಎಷ್ಟು ದೂರ? ಜಾಗ ಪಟ್ಟೆಯೋ, ಪುರಂಬೋಕೋ, ಅರಣ್ಯವೋ? ಮಳೆಗಾಲದಲ್ಲಿ ದಾರಿ ಮುಚ್ಚುತ್ತೀರಾ? ಬೆಳಿಗ್ಗೆ ಎಷ್ಟು ಗಂಟೆಗೆ ತೆರೆದು, ಕತ್ತಲೆಗೆ ಎಷ್ಟು ಮುಂಚೆ ನಿಲ್ಲಿಸುತ್ತೀರಿ? ದಿನಕ್ಕೆ ಎಷ್ಟು ಮಂದಿ? ಕೊರೆದುಹೋದ ದಾರಿಯನ್ನು ಮುಂದಿನ ವರ್ಷ ಸರಿಮಾಡುವವರು ಯಾರು, ಹಣ ಎಲ್ಲಿಂದ?

ಇವುಗಳಿಗೆ ಸಮರ್ಪಕ ಉತ್ತರವಿದ್ದರೆ ನಮ್ಮ ಮಕ್ಕಳು ಗುಡ್ಡ ಹತ್ತಿ ಇಳಿಯಲಿ. ಗುಡ್ಡವನ್ನು ಕಂಡವರಿಗೆ ತಾನೇ ಅದರ ಮೇಲೆ ಪ್ರೀತಿ ಹುಟ್ಟುವುದು? ಉತ್ತರವಿಲ್ಲದಿದ್ದರೆ, ಉತ್ತರ ಸಿಗುವವರೆಗೆ ಗುದ್ದಲಿ ಬೀಳದಿರಲಿ. ಚಕ್ರದ ಗುರುತು ಮೂಡುವ ಮೊದಲು ದಾರಿ ಎಲ್ಲಿ ಎಂದು ತೀರ್ಮಾನಿಸುವುದು ಸುಲಭ. ಮೂಡಿದ ಮೇಲೆ ಅದನ್ನು ಅಳಿಸುವುದು ಬಹಳ ಕಷ್ಟ.