ಮಂತ್ರ ಸಂಸ್ಕೃತದಲ್ಲೇ ಏಕೆ? ಹಿಂದೂ ಪರಂಪರೆಯಲ್ಲಿ ಭಾಷೆಯ ಸ್ಥಾನ

ನಮ್ಮ ಊರುಗಳಲ್ಲಿ ಬಸದಿಯ ಬೀದಿಗೂ ದೇವಸ್ಥಾನದ ಬೀದಿಗೂ ಹೆಚ್ಚು ದೂರವಿರುವುದಿಲ್ಲ. ನೆರೆಮನೆಯ ಮದುವೆ, ಉಪನಯನ, ಸತ್ಯನಾರಾಯಣ ಪೂಜೆ, ಗೃಹಪ್ರವೇಶ ಎಂದು ವರ್ಷಕ್ಕೆ ಹತ್ತಾರು ಸಲ ಹೋಗಿ ಕೂತು ಊಟ ಮಾಡಿ ಬರುತ್ತೇವೆ. ಪುರೋಹಿತರು ಗಂಟೆಗಟ್ಟಲೆ ಮಂತ್ರ ಹೇಳುತ್ತಾರೆ. ಬಹಳ ಸಲ ಪೂಜೆಗೆ ಕೂತ ಯಜಮಾನರಿಗೂ ಅದರ ಅರ್ಥ ಗೊತ್ತಿರುವುದಿಲ್ಲ, ನೋಡುತ್ತ ಕೂತ ನಮಗೂ ಗೊತ್ತಿರುವುದಿಲ್ಲ. ಕಾಲೇಜಿಗೆ ಹೋಗುವ ಮಕ್ಕಳು ಈಗ ನೇರವಾಗಿಯೇ ಕೇಳುತ್ತಾರೆ: "ಅರ್ಥವಾಗದ ಭಾಷೆ ಯಾಕೆ, ಕನ್ನಡದಲ್ಲೇ ಹೇಳಬಾರದೇ?"

ಈ ಪ್ರಶ್ನೆ ಇಂದಿನದಲ್ಲ. ಎರಡು ಸಾವಿರ ವರ್ಷಗಳಿಗೂ ಹಿಂದೆ ಯಾಸ್ಕರು ಬರೆದ 'ನಿರುಕ್ತ' ಎಂಬ ಗ್ರಂಥದಲ್ಲಿ ಕೌತ್ಸ ಎಂಬುವವರ ವಾದ ಬರುತ್ತದೆ. ಮಂತ್ರಗಳಿಗೆ ಅರ್ಥವೇ ಇಲ್ಲ, ಅವು ಉಚ್ಚರಿಸುವುದಕ್ಕಷ್ಟೇ ಎಂಬುದು ಅವರ ಮಾತು. ಯಾಸ್ಕರು ಇದನ್ನು ಒಪ್ಪದೆ, ಅರ್ಥ ತಿಳಿಯದೆ ವೇದ ಓದಿದವನು ಬರೀ ಹೊರೆ ಹೊತ್ತಂತೆ ಎನ್ನುವ ಪಕ್ಷ ಹಿಡಿದರು. ವೈದಿಕರ ಮನೆಯೊಳಗೇ ಹುಟ್ಟಿದ ಈ ಚರ್ಚೆ ಇನ್ನೂ ಮುಗಿದಿಲ್ಲ.

ಮೊದಲು ಒಂದು ವಿಷಯ ಬಿಡಿಸಿಕೊಳ್ಳಬೇಕು. ಸಂಸ್ಕೃತ ಎಂದು ನಾವು ಒಂದೇ ಹೆಸರಿನಲ್ಲಿ ಕರೆಯುವುದರಲ್ಲಿ ಎರಡು ಪದರಗಳಿವೆ. ವೇದದ ಭಾಷೆ ಬೇರೆ, ಕಾಳಿದಾಸನ ಭಾಷೆ ಬೇರೆ. ಪಾಣಿನಿಯೇ ತನ್ನ ಅಷ್ಟಾಧ್ಯಾಯಿಯಲ್ಲಿ ವೇದದ ಮಾತಿಗೆ 'ಛಂದಸ್' ಎಂದೂ ತನ್ನ ಕಾಲದ ಆಡುಮಾತಿಗೆ 'ಭಾಷಾ' ಎಂದೂ ಹೇಳಿ, ಎರಡಕ್ಕೂ ನಿಯಮ ಕೊಡುತ್ತಾನೆ. ಎಂಟು ಅಧ್ಯಾಯ, ಸುಮಾರು 4,000 ಸೂತ್ರ. ಇಷ್ಟರಲ್ಲಿ ಒಂದು ಭಾಷೆಯನ್ನೇ ಕಟ್ಟಿ ನಿಲ್ಲಿಸಿದ. ರಾಮಾಯಣ, ಮಹಾಭಾರತ, ಪುರಾಣ, ಸ್ತೋತ್ರ ಎಲ್ಲವೂ ಎರಡನೆಯ ಪದರಕ್ಕೆ ಸೇರಿದವು. ಮದುವೆಯ ಹೋಮದಲ್ಲಿ ಸ್ವರ ಏರಿಳಿಸಿ ಹೇಳುವ ಮಂತ್ರ ಮೊದಲನೆಯದು. ಸಂಜೆ ಮನೆಯಲ್ಲಿ ಹೆಂಗಸರು ಹೇಳುವ ವಿಷ್ಣು ಸಹಸ್ರನಾಮ, ಲಲಿತಾ ಸಹಸ್ರನಾಮ ಎರಡನೆಯವು.

ಈ ಮೊದಲನೆಯ ಪದರದಲ್ಲಿ ಅರ್ಥಕ್ಕಿಂತ ಶಬ್ದಕ್ಕೆ ಹೆಚ್ಚು ಬೆಲೆ. ಅದಕ್ಕೆ ಕಾರಣ ಮೀಮಾಂಸಕರ ಸಿದ್ಧಾಂತ. ವೇದವನ್ನು ಯಾರೂ ರಚಿಸಲಿಲ್ಲ, ಅದು ಅಪೌರುಷೇಯ, ಶಬ್ದಕ್ಕೂ ಅರ್ಥಕ್ಕೂ ಇರುವ ನಂಟು ನಿತ್ಯವಾದದ್ದು ಎಂದು ಅವರು ಹೇಳುತ್ತಾರೆ. ಹಾಗಿದ್ದ ಮೇಲೆ ಶಬ್ದ ಬದಲಿಸಿದರೆ ಅದು ಆ ಮಂತ್ರವೇ ಅಲ್ಲ, ಅನುವಾದದ ಮಾತೇ ಬರುವುದಿಲ್ಲ. (ನಮ್ಮ ಆಚಾರ್ಯರು ಈ ಅಪೌರುಷೇಯ ವಾದವನ್ನು ಒಪ್ಪಲಿಲ್ಲ. ನ್ಯಾಯ ದರ್ಶನದವರೂ ಒಪ್ಪಲಿಲ್ಲ, ವೇದಕ್ಕೆ ಈಶ್ವರನೇ ಕರ್ತೃ ಎಂದರು. ಹಿಂದೂಗಳೆಲ್ಲರದು ಒಂದೇ ಅಭಿಪ್ರಾಯ ಎಂದು ತಿಳಿಯುವುದು ಸರಿಯಲ್ಲ.)

ಸ್ವರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅವರು ಹೇಳುವ ಕಥೆ ಒಂದಿದೆ. ಇಂದ್ರನ ಮೇಲೆ ಸಿಟ್ಟಾದ ತ್ವಷ್ಟೃ, ಇಂದ್ರನನ್ನು ಕೊಲ್ಲುವ ಮಗ ಬೇಕೆಂದು ಹೋಮ ಮಾಡಿದ. 'ಇಂದ್ರಶತ್ರು' ಎಂಬ ಪದವನ್ನು ಕೊನೆಯ ಅಕ್ಷರಕ್ಕೆ ಒತ್ತು ಕೊಟ್ಟು ಹೇಳಿದರೆ 'ಇಂದ್ರನನ್ನು ಕೊಲ್ಲುವವನು' ಎಂದರ್ಥ. ಅವನು ಮೊದಲಿಗೆ ಒತ್ತು ಕೊಟ್ಟ. ಆಗ 'ಇಂದ್ರನೇ ಯಾರನ್ನು ಕೊಲ್ಲುವನೋ ಅವನು' ಎಂದಾಯಿತು. ಹುಟ್ಟಿದ ವೃತ್ರ ಇಂದ್ರನ ಕೈಯಲ್ಲೇ ಸತ್ತ. ಪತಂಜಲಿಯ ಮಹಾಭಾಷ್ಯದಲ್ಲಿ, ವ್ಯಾಕರಣ ಯಾಕೆ ಓದಬೇಕು ಎಂಬುದಕ್ಕೆ ಇದನ್ನೇ ಉದಾಹರಣೆ ಕೊಡಲಾಗಿದೆ. ವೇದದ ಪುಸ್ತಕಗಳಲ್ಲಿ ಅಕ್ಷರದ ಕೆಳಗೆ ಅಡ್ಡಗೆರೆ, ಮೇಲೆ ನೆಟ್ಟಗಿನ ಗೆರೆ ಇರುವುದನ್ನು ನೀವು ನೋಡಿರಬಹುದು. ಅವು ಅನುದಾತ್ತ, ಸ್ವರಿತ ಎಂಬ ಸ್ವರಗಳ ಗುರುತು.

ಬರವಣಿಗೆಯ ಸಹಾಯವಿಲ್ಲದೆ ಋಗ್ವೇದದ 10 ಮಂಡಲ, 1,028 ಸೂಕ್ತಗಳನ್ನು ಕಾಪಾಡಿದ ರೀತಿ ನನಗೆ ಎಲ್ಲಕ್ಕಿಂತ ಆಶ್ಚರ್ಯ ತರುವ ಸಂಗತಿ. ವ್ಯಾಪಾರದವನಾದ ನನಗೆ ಇದು ರೋಕಡಿ ಪುಸ್ತಕವನ್ನೂ ಖಾತೆ ಪುಸ್ತಕವನ್ನೂ ತಾಳೆ ನೋಡುವ ಕೆಲಸದಂತೆ ಕಾಣುತ್ತದೆ. ಮೊದಲು ಮಂತ್ರವನ್ನು ಇದ್ದ ಹಾಗೆ ಕಲಿಯಬೇಕು. ಅದು ಸಂಹಿತಾ ಪಾಠ. ಆಮೇಲೆ ಸಂಧಿ ಬಿಡಿಸಿ ಒಂದೊಂದೇ ಪದವಾಗಿ ಹೇಳಬೇಕು, ಅದು ಪದಪಾಠ. ಕ್ರಮಪಾಠದಲ್ಲಿ ಒಂದು-ಎರಡು, ಎರಡು-ಮೂರು, ಮೂರು-ನಾಲ್ಕು ಎಂದು ಪದಗಳನ್ನು ಜೋಡಿಸುತ್ತಾರೆ. ಜಟಾಪಾಠದಲ್ಲಿ ಒಂದು-ಎರಡು, ಎರಡು-ಒಂದು, ಒಂದು-ಎರಡು. ಘನಪಾಠಕ್ಕೆ ಬಂದರೆ ಒಂದು-ಎರಡು, ಎರಡು-ಒಂದು, ಒಂದು-ಎರಡು-ಮೂರು, ಮೂರು-ಎರಡು-ಒಂದು, ಒಂದು-ಎರಡು-ಮೂರು. ಹೀಗೆ ಹಿಂದೆ ಮುಂದೆ ಹೆಣೆದ ಮೇಲೆ ಒಂದು ಪದ ಬಿಟ್ಟುಹೋದರೂ, ಜಾಗ ಬದಲಾದರೂ ಕೂಡಲೇ ಸಿಕ್ಕಿಬೀಳುತ್ತದೆ. ಇದನ್ನು ಪೂರ್ತಿ ಕಲಿತವರೇ ಘನಪಾಠಿಗಳು. ಅದಕ್ಕೆ ವರ್ಷಗಟ್ಟಲೆ ಗುರುವಿನ ಎದುರು ಕೂರಬೇಕು.

ಆದರೆ ಹೀಗೆ ಕೂರುವ ಅವಕಾಶ ಎಲ್ಲರಿಗೂ ಇರಲಿಲ್ಲ ಎಂಬುದನ್ನು ಮುಚ್ಚಿಡಬಾರದು. ಹೆಂಗಸರಿಗೂ ಶೂದ್ರರಿಗೂ ವೇದಾಧ್ಯಯನವಿಲ್ಲ ಎಂದು ಧರ್ಮಶಾಸ್ತ್ರಗಳು ಹೇಳಿದವು. ಅವರಿಗಾಗಿಯೇ ಮಹಾಭಾರತ ಹುಟ್ಟಿತು ಎಂದು ಭಾಗವತದಲ್ಲಿದೆ. ಭಾಷೆ ಕಾಪಾಡಲೆಂದು ಕಟ್ಟಿದ ಬೇಲಿ ಜನರನ್ನೂ ಹೊರಗಿಟ್ಟಿತು. 12ನೇ ಶತಮಾನದಲ್ಲಿ ಬಸವಣ್ಣನವರೂ ಇತರ ಶರಣರೂ ಕನ್ನಡದಲ್ಲೇ ವಚನ ಹೇಳಿದ್ದಕ್ಕೆ ಇದೂ ಒಂದು ಹಿನ್ನೆಲೆ.

ಇದೇ ನಾಡಿನ ಮಧ್ವಾಚಾರ್ಯರನ್ನು ನೋಡಿ. ಉಡುಪಿ ಹತ್ತಿರದ ಪಾಜಕದಲ್ಲಿ, ತುಳು ಮಾತಾಡುವ ಸೀಮೆಯಲ್ಲಿ ಹುಟ್ಟಿದವರು. ಬರೆದದ್ದೆಲ್ಲ ಸಂಸ್ಕೃತದಲ್ಲಿ. ಶಂಕರರೂ ರಾಮಾನುಜರೂ ಹಾಗೆಯೇ. ಕೇರಳದವರು, ತಮಿಳುನಾಡಿನವರು, ತುಳುನಾಡಿನವರು ಉಪನಿಷತ್ತು, ಬ್ರಹ್ಮಸೂತ್ರ, ಗೀತೆಗಳ ಮೇಲೆ ವಾದ ಮಾಡಬೇಕಾದರೆ, ಕಾಶಿಯ ಪಂಡಿತರಿಗೂ ಅದು ತಲುಪಬೇಕಾದರೆ, ನಡುವೆ ಒಂದು ಭಾಷೆ ಬೇಕಿತ್ತು. ಆದರೆ ಮಧ್ವರ ತತ್ವ ಕನ್ನಡಿಗರ ಮನೆಮನೆಗೆ ಮುಟ್ಟಿದ್ದು ಪುರಂದರದಾಸರು, ಕನಕದಾಸರ ಕನ್ನಡ ಪದಗಳಿಂದ. ಮೇಲುಕೋಟೆಯಲ್ಲಿ ವೇದದ ಜೊತೆಗೆ ಆಳ್ವಾರರ ತಮಿಳು ದಿವ್ಯ ಪ್ರಬಂಧವನ್ನೂ ಪಾರಾಯಣ ಮಾಡುತ್ತಾರೆ. ಶ್ರೀವೈಷ್ಣವರು ಎರಡನ್ನೂ ಸಮವೆಂದು ಭಾವಿಸಿ 'ಉಭಯ ವೇದಾಂತ' ಎನ್ನುತ್ತಾರೆ. ಕನ್ನಡದಲ್ಲಿ ಯಾಕಿಲ್ಲ ಎಂದು ಕೇಳುವ ಮಕ್ಕಳಿಗೆ ಇದನ್ನು ಹೇಳಬೇಕು: ಅರ್ಧ ಪರಂಪರೆ ಕನ್ನಡದಲ್ಲೇ ಇದೆ.

ಲಿಪಿಯ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. ದೇವನಾಗರಿಯೇ ಸಂಸ್ಕೃತದ ಲಿಪಿ ಎಂದು ಶಾಲೆಯ ಮಕ್ಕಳು ಅಂದುಕೊಳ್ಳುತ್ತಾರೆ. ಸಂಸ್ಕೃತಕ್ಕೆ ಅಂಥ ಒಂದು ಲಿಪಿ ಇರಲಿಲ್ಲ. ಕರಾವಳಿಯಲ್ಲಿ ತಿಗಳಾರಿ, ಮಾಧ್ವ ಮಠಗಳಲ್ಲಿ ನಂದಿನಾಗರಿ, ತಮಿಳುನಾಡಿನಲ್ಲಿ ಗ್ರಂಥ ಲಿಪಿ, ನಮ್ಮಲ್ಲಿ ಕನ್ನಡ ಲಿಪಿ. ಮುದ್ರಣ ಬಂದ ಮೇಲೆ ನಾಗರಿ ಎಲ್ಲೆಡೆ ಹರಡಿತು, ಅಷ್ಟೆ.

ನಮ್ಮ ಸಮಾಜಕ್ಕೂ ಈ ಭಾಷೆ ಹೊರಗಿನದಲ್ಲ. ನಮ್ಮ ಆಗಮಗಳು ಪ್ರಾಕೃತದಲ್ಲಿವೆ, ಣಮೋಕಾರ ಮಂತ್ರ ಪ್ರಾಕೃತ. ಆದರೆ ಉಮಾಸ್ವಾತಿಗಳ ತತ್ತ್ವಾರ್ಥಸೂತ್ರ ಸಂಸ್ಕೃತ, ಪೂಜ್ಯಪಾದರ ಜೈನೇಂದ್ರ ವ್ಯಾಕರಣ ಸಂಸ್ಕೃತ, ಜಿನಸೇನರ ಆದಿಪುರಾಣ ಸಂಸ್ಕೃತ. ಐಹೊಳೆಯ ಮೇಗುಟಿ ಬಸದಿಯಲ್ಲಿ ರವಿಕೀರ್ತಿ 634ರಲ್ಲಿ ಬರೆಸಿದ ಶಾಸನವೂ ಸಂಸ್ಕೃತವೇ. ಹಿಂದೂಗಳ ಪೂಜೆಯ ಸಂಕಲ್ಪದಲ್ಲಿ ಜಂಬೂದ್ವೀಪ, ಭರತವರ್ಷ ಎಂಬ ಮಾತು ಬಂದಾಗ ನಮ್ಮ ಕಿವಿ ನೆಟ್ಟಗಾಗುವುದು ಸುಮ್ಮನೆ ಅಲ್ಲ.

ಅರ್ಥದ ಮಾತಿಗೆ ಮತ್ತೆ ಬರುತ್ತೇನೆ. ಶಬ್ದ ಬದಲಿಸಬೇಡಿ ಎಂದರೆ ಅರ್ಥ ಹೇಳಬೇಡಿ ಎಂದಲ್ಲ. 14ನೇ ಶತಮಾನದಲ್ಲಿ ವಿಜಯನಗರದ ಬುಕ್ಕರಾಯನ ಆಶ್ರಯದಲ್ಲಿ ಸಾಯಣಾಚಾರ್ಯರು ವೇದಗಳಿಗೆ ಭಾಷ್ಯ ಬರೆದದ್ದು ಅರ್ಥ ಉಳಿಯಲಿ ಎಂದೇ. ಮದುವೆಯ ಸಪ್ತಪದಿಯಲ್ಲಿ ಮೊದಲ ಹೆಜ್ಜೆ ಅನ್ನಕ್ಕೆ, ಎರಡನೆಯದು ಬಲಕ್ಕೆ, ಏಳನೆಯದು ಸಖ್ಯಕ್ಕೆ ಎಂದು ಪುರೋಹಿತರು ಕನ್ನಡದಲ್ಲಿ ಎರಡು ನಿಮಿಷ ಬಿಡಿಸಿ ಹೇಳಿದರೆ ಚಪ್ಪರದಲ್ಲಿ ಗದ್ದಲ ಮಾಡುವವರೂ ಸುಮ್ಮನಾಗುತ್ತಾರೆ. ಕೆಲವರು ಹೀಗೆ ಹೇಳತೊಡಗಿದ್ದಾರೆ. ಮುಹೂರ್ತದ ಅವಸರ, ಫೋಟೋದವರ ಅವಸರದ ನಡುವೆ ಉಳಿದವರಿಗೆ ಪುರುಸೊತ್ತಿಲ್ಲ. ಮನೆಯವರೇ ಮೊದಲೇ ಕೇಳಿಕೊಂಡರೆ ಬಹುತೇಕ ಪುರೋಹಿತರು ಸಂತೋಷದಿಂದ ಹೇಳುತ್ತಾರೆ.

2011ರ ಜನಗಣತಿಯಲ್ಲಿ ಸಂಸ್ಕೃತವನ್ನು ಮಾತೃಭಾಷೆ ಎಂದು ಬರೆಸಿದವರು 24,821 ಮಂದಿ. ಶಿವಮೊಗ್ಗ ಸಮೀಪದ ಮತ್ತೂರಿನ ಹೆಸರು ಎಲ್ಲರಿಗೂ ಗೊತ್ತು. ಮೈಸೂರಿನಿಂದ 1970ರಲ್ಲಿ 'ಸುಧರ್ಮಾ' ಎಂಬ ಸಂಸ್ಕೃತ ದಿನಪತ್ರಿಕೆಯೂ ಶುರುವಾಯಿತು. ಆದರೆ ಮಾತಾಡುವವರ ಸಂಖ್ಯೆಗಿಂತ ಪಾಠ ಹೇಳುವವರ ಸಂಖ್ಯೆ ಮುಖ್ಯ ಎಂದು ನನಗನಿಸುತ್ತದೆ. 2003ರಲ್ಲಿ ಯುನೆಸ್ಕೋ ವೇದ ಪಠಣವನ್ನು ಮನುಕುಲದ ಪರಂಪರೆ ಎಂದು ಘೋಷಿಸಿತು. ಅದರ ದಾಖಲೆಯ ಪ್ರಕಾರ ಸಾವಿರಕ್ಕೂ ಮೀರಿದ್ದ ಪಠಣದ ಶಾಖೆಗಳಲ್ಲಿ ಈಗ ಉಳಿದಿರುವುದು 13. ಅಪಾಯದಲ್ಲಿವೆ ಎಂದು ಹೇಳಿದ ಪರಂಪರೆಗಳಲ್ಲಿ ಕರ್ನಾಟಕದ್ದೂ ಒಂದು. ಗ್ರಂಥವಾದರೆ ಭಂಡಾರದಲ್ಲಿಟ್ಟು ಗೆದ್ದಲು ಹತ್ತದಂತೆ ನೋಡಿಕೊಳ್ಳಬಹುದು. ಶಾಖೆ ಮಾತ್ರ ಅದನ್ನು ಬಲ್ಲ ಕೊನೆಯ ಗುರುವಿಗೆ ಶಿಷ್ಯ ಸಿಗದ ದಿನವೇ ಮುಗಿಯುತ್ತದೆ.